ಭಕ್ತಿ ಎಲ್ಲಿಂದ ಶುರು ಮಾಡಬೇಕು? ನಿಮ್ಮಿಂದ ಆಗುವ ಕಡೆಯಿಂದ

ಮೋಕ್ಷ ಬೇಕು ಅಂತ ಹೊರಡುವವರು ಸಾಮಾನ್ಯವಾಗಿ ಮೊದಲ ದಿನವೇ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುತ್ತಾರೆ. ಕೂತ ಕೂಡಲೇ ಮನಸ್ಸು ಎಲ್ಲೆಲ್ಲೋ ಸುತ್ತೋಕೆ ಹೊರಡುತ್ತದೆ. ನಾಲ್ಕು ದಿನ ನೋಡಿ, ಇದೆಲ್ಲ ನಮ್ಮಂಥವರಿಗಲ್ಲ ಅಂತ ಎದ್ದುಬಿಡುತ್ತಾರೆ. ಅತಿ ಕಷ್ಟದ್ದನ್ನೇ ಮೊದಲು ಹಿಡಿದರೆ ಹೀಗೇ ಆಗೋದು.

ಭಗವದ್ಗೀತೆಯ 12ನೇ ಅಧ್ಯಾಯ ತೆಗೆಯಿರಿ. ಇರೋದೇ 20 ಶ್ಲೋಕ. ಅದರಲ್ಲಿ 8ರಿಂದ 11ರವರೆಗಿನದನ್ನು ಅರ್ಥದ ಜೊತೆ ಎರಡು ಸಲ ನಿಧಾನವಾಗಿ ಓದಿ. ಮನಸ್ಸು, ಬುದ್ಧಿ ಎರಡನ್ನೂ ನನ್ನಲ್ಲೇ ಇಡು ಅನ್ನುತ್ತಾನೆ ಕೃಷ್ಣ. ಆಗಲ್ವಾ? ಹಾಗಾದರೆ ಅಭ್ಯಾಸ ಮಾಡು, ಜಾರಿದಾಗಲೆಲ್ಲ ಮತ್ತೆ ತಂದು ಇಡು. ಅದೂ ಆಗಲ್ವಾ? ನನಗೋಸ್ಕರ ಕೆಲಸ ಮಾಡು. ಅದಕ್ಕೂ ಶಕ್ತಿ ಇಲ್ಲ ಅಂದರೆ, ಮಾಡುವ ಕೆಲಸದ ಫಲವನ್ನಾದರೂ ಬಿಡು. ಗಿರಾಕಿ ಎದ್ದು ಹೋಗದಿರಲಿ ಅಂತ ಅಂಗಡಿಯವನು ತಾನೇ ಬೆಲೆ ಇಳಿಸುತ್ತಾ ಬಂದ ಹಾಗಿದೆ! ಕೊನೆಗೆ ಹೇಳಿದ್ದು ಅಂತ ಅದನ್ನು ಕೀಳು ಅಂದುಕೊಳ್ಳಬೇಡಿ. ಫಲ ಬಿಟ್ಟರೆ ಶಾಂತಿ ಸಿಗುತ್ತದೆ ಅಂತ 12ನೇ ಶ್ಲೋಕದಲ್ಲೇ ಇದೆ.

ನನ್ನ ಪ್ರಕಾರ ಬಹಳ ಜನ ಶುರು ಮಾಡಬೇಕಾದ್ದು ಈ ಕೊನೆಯದರಿಂದಲೇ. ದಿನಕ್ಕೆ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಯಾರಿಗೋ ಒಂದು ಅರ್ಜಿ ಬರೆದುಕೊಡುತ್ತೀರಿ ಅಂತಿಟ್ಟುಕೊಳ್ಳಿ. ಪೆನ್ನು ಹಿಡಿಯುವ ಮುಂಚೆ 'ಇದು ನಿನಗೆ' ಅಂತ ದೇವರಿಗೆ ಮನಸ್ಸಲ್ಲೇ ಹೇಳಿ. ಬರೆಯುವಾಗ ಅಚ್ಚುಕಟ್ಟಾಗಿ ಬರೆಯಿರಿ, ಫಲ ಬಿಡೋದು ಅಂದರೆ ಕೆಲಸ ಕೆಡಿಸೋದಲ್ಲ. ಕೊಟ್ಟ ಮೇಲೆ ಇದೆ ನೋಡಿ ಅಸಲಿ ಕಷ್ಟ. ಅವರು ಥ್ಯಾಂಕ್ಸ್ ಕೂಡ ಹೇಳದೆ ಹೋಗುತ್ತಾರೆ, ಒಳಗೆ ಚುರ್ ಅನ್ನುತ್ತದೆ, ಸಂಜೆಯವರೆಗೂ ಅದೇ ತಲೆಯಲ್ಲಿ ತಿರುಗುತ್ತದೆ. ಆ ಚುರ್ ಅನ್ನೋದನ್ನೇ ಬಿಡೋಕೆ ಕಲಿಯಬೇಕು. ಒಂದೇ ವಾರದಲ್ಲಿ ಬರಲ್ಲ, ಬರಬೇಕಾಗಿಯೂ ಇಲ್ಲ.

ಇದು ಸ್ವಲ್ಪ ಕೈಗೆ ಹತ್ತಿದ ಮೇಲೆ ಪ್ರಹ್ಲಾದ ಹೇಳಿದ ಪಟ್ಟಿಗೆ ಬನ್ನಿ. ಭಾಗವತದ 7ನೇ ಸ್ಕಂಧದಲ್ಲಿ ಹಿರಣ್ಯಕಶಿಪು ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು, ಕಲಿತದ್ದರಲ್ಲಿ ಒಳ್ಳೆಯದು ಏನಾದರೂ ಹೇಳಪ್ಪ ಅಂತಾನೆ. ಹುಡುಗ ಹೇಳುವುದು ಒಂಬತ್ತು ಬಗೆಯ ಭಕ್ತಿ: ಶ್ರವಣ (ಕೇಳೋದು), ಕೀರ್ತನ (ಹಾಡಿ ಹೊಗಳೋದು), ಸ್ಮರಣ (ನೆನೆಯೋದು), ಪಾದಸೇವನ, ಅರ್ಚನ (ಪೂಜೆ), ವಂದನ, ದಾಸ್ಯ (ಸೇವಕನಾಗಿರೋದು), ಸಖ್ಯ (ಗೆಳೆತನ), ಆತ್ಮನಿವೇದನ (ತನ್ನನ್ನೇ ಒಪ್ಪಿಸಿಬಿಡೋದು). ಅಪ್ಪನಿಗೆ ಎಷ್ಟು ಸಿಟ್ಟು ಬಂತು ಅನ್ನೋದು ನಿಮಗೆ ಗೊತ್ತೇ ಇದೆ. ಒಂಬತ್ತನ್ನೂ ಒಟ್ಟಿಗೆ ಹಿಡಿಯಬೇಕಿಲ್ಲ. ಪರೀಕ್ಷಿತ ರಾಜ ಸಾವಿಗೆ ಏಳು ದಿನ ಇದೆ ಅಂತ ಗೊತ್ತಾದಾಗ ಕೂತು ಭಾಗವತ ಕೇಳಿದ, ಶುಕಮುನಿ ಹೇಳಿದ. ಹನುಮಂತನಿಗೆ ದಾಸ್ಯ, ಅರ್ಜುನನಿಗೆ ಸಖ್ಯ, ಬಲಿಗೆ ಆತ್ಮನಿವೇದನ. ಒಬ್ಬೊಬ್ಬರಿಗೆ ಒಂದೊಂದು ಒಗ್ಗಿತು. ಹೊಸಬರಿಗೆ ಶ್ರವಣ ಸುಲಭ, ಆದರೆ ಹತ್ತು ನಿಮಿಷ ಕೇಳಿದರೂ ಆಗ ಬೇರೇನೂ ಮಾಡಬಾರದು. ಫೋನ್ ನೋಡ್ತಾ ಕೇಳಿದ್ದು ಲೆಕ್ಕಕ್ಕಿಲ್ಲ.

ಕೂತು ಮಾಡೋದು ಒಗ್ಗಲ್ಲ ಅನ್ನುವವರಿಗೆ 9ನೇ ಸ್ಕಂಧದ ಅಂಬರೀಷನ ದಾರಿ ಚೆನ್ನಾಗಿದೆ. ಏಳು ದ್ವೀಪಗಳ ಭೂಮಿಯನ್ನೇ ಆಳುತ್ತಿದ್ದ ರಾಜ, ಆದರೂ ಕೈಗೆ ಕೊಟ್ಟ ಕೆಲಸ ದೇವಸ್ಥಾನ ಗುಡಿಸೋದು. ಕಿವಿಗೆ ಹರಿಕಥೆ, ಕಾಲಿಗೆ ಕ್ಷೇತ್ರಗಳ ನಡಿಗೆ, ಮೂಗಿಗೆ ಪಾದದ ತುಳಸಿಯ ವಾಸನೆ, ನಾಲಿಗೆಗೆ ನೈವೇದ್ಯ. ರಾಜ್ಯ ಬಿಟ್ಟು ಓಡಿಹೋಗಲಿಲ್ಲ, ಆಳುತ್ತಲೇ ಇದನ್ನೆಲ್ಲ ಮಾಡಿದ. ನೀವೂ ಒಂದು ಇಂದ್ರಿಯಕ್ಕೆ ಒಂದು ಕೆಲಸ ಹಚ್ಚಿ, ಅದು ಅಭ್ಯಾಸವಾದ ಮೇಲೆ ಇನ್ನೊಂದು.

ಪೂಜೆಗೆ ಜಾಸ್ತಿ ಖರ್ಚು ಬೇಡ. ಎಲೆ, ಹೂವು, ಹಣ್ಣು, ನೀರು, ಭಕ್ತಿಯಿಂದ ಏನು ಕೊಟ್ಟರೂ ತಗೋತೀನಿ ಅಂತ ಗೀತೆಯ 9ನೇ ಅಧ್ಯಾಯದಲ್ಲಿ ಕೃಷ್ಣನೇ ಹೇಳಿದ್ದಾನೆ.

ಸರಿಯಾಗಿ ಸಾಗುತ್ತಿದೆಯಾ ಅಂತ ನೋಡೋದು ಹೇಗೆ? ಕಣ್ಣೀರು, ಕನಸು, ಮೈ ಜುಮ್ಮೆನ್ನೋದು ಇವನ್ನು ನಂಬಿ ಕೂರಬೇಡಿ. ಯಾವ ಜೀವಿಯನ್ನೂ ದ್ವೇಷಿಸದವನು, ಸ್ನೇಹ ಕರುಣೆ ಇರುವವನು ಅಂತಲೇ ಗೀತೆ ಭಕ್ತನ ಲಕ್ಷಣ ಶುರು ಮಾಡುತ್ತದೆ. ಭಾಗವತದಲ್ಲಿ ವಿಷ್ಣುವಿನ ಅವತಾರವಾದ ಕಪಿಲ ತನ್ನ ತಾಯಿ ದೇವಹೂತಿಗೆ ಇನ್ನೂ ಖಾರವಾಗಿ ಹೇಳುತ್ತಾನೆ: ಎಲ್ಲ ಜೀವಿಗಳಲ್ಲಿರುವ ನನ್ನನ್ನು ಬಿಟ್ಟು ಬರೀ ವಿಗ್ರಹ ಪೂಜಿಸುವವನು ಬೂದಿಯಲ್ಲಿ ಹೋಮ ಮಾಡಿದಂತೆ. ಹಾಗಾಗಿ ಪೂಜೆ ಮುಗಿಸಿ ಎದ್ದ ಮೊದಲ ಐದು ನಿಮಿಷ ಮನೆಯವರ ಜೊತೆ ಹೇಗೆ ಮಾತಾಡಿದಿರಿ ಅನ್ನೋದನ್ನು ಗಮನಿಸಿ.

ಇನ್ನು ಮೋಕ್ಷ. ಸಾಲೋಕ್ಯ (ದೇವರ ಲೋಕದಲ್ಲಿರೋದು), ಸಾಮೀಪ್ಯ (ಅವನ ಹತ್ತಿರ ಇರೋದು), ಸಾರೂಪ್ಯ (ಅವನಂಥದೇ ರೂಪ ಪಡೆಯೋದು) ಅಂತೆಲ್ಲ ಬಗೆಗಳಿವೆ. ಕೊಟ್ಟರೂ ನನ್ನ ಸೇವೆ ಬಿಟ್ಟು ನನ್ನವರು ಇವನ್ನು ತಗೊಳ್ಳಲ್ಲ ಅಂತಾನೆ ಅದೇ ಕಪಿಲ. ಮುಕ್ತಿಯಲ್ಲೂ ಜೀವ ಬೇರೆಯೇ ಅಂತಾರೆ ಮಧ್ವರು, ಜೀವ ಬ್ರಹ್ಮವೇ ಅಂತಾರೆ ಶಂಕರರು. ಈ ಜಗಳ ಬಗೆಹರಿದ ಮೇಲೆ ಶುರು ಮಾಡ್ತೀನಿ ಅಂತ ಸುಮ್ನೆ ಕೂತರೆ ಯಾವತ್ತೂ ಶುರುವಾಗಲ್ಲ.

ಕೊನೆ ಗಳಿಗೆಯಲ್ಲಿ ಹೆಸರು ಹೇಳಿದರೆ ಸಾಕಲ್ಲ ಅಂತ ಅಜಾಮಿಳನ ಕಥೆ ಹೇಳುವವರೂ ಇದ್ದಾರೆ. ಪಾಪ ಮಾಡಿಕೊಂಡೇ ಬದುಕಿದ್ದವನು ಸಾಯುವಾಗ ನಾರಾಯಣ ಅನ್ನೋ ಹೆಸರಿನ ಮಗನನ್ನು ಕರೆಯೋ ನೆಪದಲ್ಲಿ 'ನಾರಾಯಣ' ಅಂದು ಯಮದೂತರಿಂದ ಪಾರಾದ, ನಿಜ. ಆದರೆ ಮುಂದಿನದನ್ನು ಅವರು ಓದಿಲ್ಲ. ಬದುಕಿ ಉಳಿದವನು ಎಲ್ಲ ಬಿಟ್ಟು ಗಂಗಾದ್ವಾರಕ್ಕೆ (ಈಗಿನ ಹರಿದ್ವಾರ) ಹೋಗಿ ಸಾಧನೆಗೆ ಕೂರುತ್ತಾನೆ, ವಿಷ್ಣುಲೋಕ ಸಿಗೋದು ಅದರ ನಂತರ. ಗೀತೆಯ 8ನೇ ಅಧ್ಯಾಯವೂ ಸಾಯುವಾಗ ಮನಸ್ಸಲ್ಲಿದ್ದದ್ದೇ ಮುಂದಿನ ಗತಿ ಅಂತ ಹೇಳಿ, ಆದ್ದರಿಂದ ಎಲ್ಲ ಹೊತ್ತೂ ನೆನೆ, ಯುದ್ಧವನ್ನೂ ಮಾಡು ಅನ್ನುತ್ತದೆ.

ನಡುವೆ ನಿಂತುಹೋದರೆ ಏನು ಗತಿ ಅಂತ ಅರ್ಜುನನೂ ಕೇಳಿದ್ದ. ಮಾಡಿದ್ದು ಹಾಳಾಗಲ್ಲ, ಮುಂದಿನ ಜನ್ಮದಲ್ಲಾದರೂ ಅಲ್ಲಿಂದಲೇ ಮುಂದುವರಿಯುತ್ತದೆ ಅಂತ 6ನೇ ಅಧ್ಯಾಯದಲ್ಲಿ ಉತ್ತರವಿದೆ. ಹಾಗಿರುವಾಗ ಒಂದು ದಿನ ತಪ್ಪಿತು ಅಂತ ಮರುದಿನ ಎರಡರಷ್ಟು ಜಪ ಮಾಡೋಕೆ ಹೋಗಬೇಡಿ. ಅವತ್ತಿನದ್ದನ್ನು ಅವತ್ತು ಮಾಡಿ, ಅಷ್ಟೇ.