ಹಳೆ ಕ್ಯಾರೆಕ್ಟರ್‌ಗಳಿಗೆ ಊರಲ್ಲೊಂದು ಕೆಲಸ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋದು ಎಲ್ಲರೂ ಸೇರಿ ಡೈಸ್ ಹಾಕುತ್ತಾ ಕಥೆ ಕಟ್ಟುವ ಆಟ. ಅದರಲ್ಲಿ ಒಂದು ದೊಡ್ಡ ಕ್ಯಾಂಪೇನ್, ಅಂದರೆ ಹಲವು ಸೆಷನ್ ನಡೆಯುವ ಒಂದು ಕಥೆ, ಮುಗಿದ ಮೇಲೆ ನಾವು ಆಡಿದ ಕ್ಯಾರೆಕ್ಟರ್‌ಗಳು ಎಲ್ಲಿ ಹೋಗುತ್ತವೆ? ಹೆಚ್ಚಿನ ಗುಂಪುಗಳಲ್ಲಿ ಎಲ್ಲಿಗೂ ಇಲ್ಲ. ಕ್ಯಾರೆಕ್ಟರ್‌ನ ಶಕ್ತಿ, ಸಾಮಾನೆಲ್ಲ ಬರೆದಿಟ್ಟ ಶೀಟ್ ಯಾವುದೋ ಫೋಲ್ಡರ್‌ನಲ್ಲಿ ಬಿದ್ದಿರುತ್ತದೆ, ಎಲ್ಲರೂ ಹೊಸ ಕ್ಯಾರೆಕ್ಟರ್ ಮಾಡಿಕೊಂಡು ಹೊಸ ಜಗತ್ತಿಗೆ ಹೊರಡುತ್ತಾರೆ. ವರ್ಷಗಟ್ಟಲೆ ಆಡಿದ ಕ್ಯಾರೆಕ್ಟರ್‌ಗೆ ಅಷ್ಟೇನಾ ಅನ್ನಿಸುತ್ತಿತ್ತು ನನಗೆ. ಅದಕ್ಕೆ ನಮ್ಮ ಗುಂಪಿನಲ್ಲಿ ಅವರನ್ನು ಅದೇ ನಾಡಲ್ಲಿ ನೆಲೆ ನಿಲ್ಲಿಸಿದೆವು. ಹೇಗೆ ಅಂತ ಬರೆಯುತ್ತೇನೆ, ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಆಗಿರುವವರಿಗೆ ಉಪಯೋಗ ಆಗಬಹುದು.

ನಾವು ಆನ್‌ಲೈನಲ್ಲೇ ಆಡುವವರು. ಮಾತು ಡಿಸ್ಕಾರ್ಡ್‌ನಲ್ಲಿ, ಮ್ಯಾಪು ಟೋಕನ್ನು ಎಲ್ಲಾ ರೋಲ್20 ಅನ್ನೋ ವೆಬ್‌ಸೈಟಲ್ಲಿ. ಬೆಂಗಳೂರು, ಮೈಸೂರಿನವರು ಇದ್ದಾರೆ, ಒಬ್ಬಳು ಟೊರಾಂಟೊದಲ್ಲಿದ್ದಾಳೆ, ನಮಗೆ ಶನಿವಾರ ರಾತ್ರಿ ಆದಾಗ ಅವಳಿಗೆ ಬೆಳಗಿನ ಕಾಫಿ ಹೊತ್ತು. ಡಿಎಂ ನಾನೇ. ನಾಡೂ ನಾನೇ ಕಟ್ಟಿದ್ದು: ಒಂದು ಘಟ್ಟ, ಅದರಿಂದ ಇಳಿಯುವ ಹೊಳೆ, ಕೆಳಗೊಂದು ಬಂದರು. ಹೊಸ ಕ್ಯಾಂಪೇನ್ ಅಲ್ಲೇ, ಕಥೆಯೊಳಗೆ ಇಪ್ಪತ್ತು ವರ್ಷ ಕಳೆದ ಮೇಲೆ ಶುರುವಾಗಬೇಕಿತ್ತು.

ಇದೇನು ಹೊಸ ಯೋಚನೆ ಅಲ್ಲ. 1974ರಲ್ಲಿ ಈ ಆಟ ಮೊದಲು ಅಚ್ಚಾದಾಗಲೇ ಒಂಬತ್ತನೇ ಲೆವೆಲ್ ಮುಟ್ಟಿದ ಫೈಟರ್‌ಗೆ ಲಾರ್ಡ್ ಅಂತ ಪಟ್ಟ ಸಿಗುತ್ತಿತ್ತು, ಕೋಟೆ ಕಟ್ಟಿಕೊಂಡು ಕೂರಬಹುದಿತ್ತು. ಈ ಆಟ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಸ್ವತಃ ಆಡಿದ ಮೊರ್ಡೆನ್‌ಕೈನೆನ್, ಅವರ ಮಗ ಅರ್ನಿ ಆಡಿದ ಟೆನ್ಸರ್, ಇಬ್ಬರೂ ಗ್ರೇಹಾಕ್ ಜಗತ್ತಿನ ದೊಡ್ಡ ಮಂತ್ರವಾದಿಗಳಾಗಿ ಉಳಿದರು. ಇವತ್ತು ಟೆನ್ಸರ್ಸ್ ಫ್ಲೋಟಿಂಗ್ ಡಿಸ್ಕ್ ಅನ್ನೋ ಸ್ಪೆಲ್ (ಮಂತ್ರ) ಹಾಕುವ ಎಷ್ಟೋ ಜನರಿಗೆ ಟೆನ್ಸರ್ ಅನ್ನೋದು ಒಬ್ಬ ಹುಡುಗ ಆಡಿದ ಕ್ಯಾರೆಕ್ಟರ್ ಅಂತ ಗೊತ್ತೇ ಇರುವುದಿಲ್ಲ. ಆನ್‌ಲೈನ್ ಆಟಕ್ಕೂ ಇದು ಮೊದಲಿಂದ ಇದೆ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ ರಿಚರ್ಡ್ ಬಾರ್ಟಲ್ ಬೆಳೆಸಿದ ಮಡ್ ಅನ್ನೋ ಕಂಪ್ಯೂಟರ್ ಆಟದಲ್ಲಿ ಸಾಕಷ್ಟು ಅಂಕ ಗಳಿಸಿದವರು ವಿಜರ್ಡ್, ಅಂದರೆ ಆಟದೊಳಗೆ ವಿಶೇಷ ಅಧಿಕಾರ ಇರುವವರು, ಆಗುತ್ತಿದ್ದರು. 1989ರಲ್ಲಿ ಬಂದ, ಅದೇ ಬಗೆಯ ಎಲ್‌ಪಿಮಡ್‌ನಲ್ಲಂತೂ ವಿಜರ್ಡ್ ಆದವರು ಆಟದೊಳಗೆ ಹೊಸ ಜಾಗಗಳನ್ನೇ ಕಟ್ಟಬಹುದಿತ್ತು. ನನಗೆ ಹಿಡಿಸಿದ್ದು ಇದೇ. ಆಡಿ ಮುಗಿಸಿದವರಿಗೆ ಅಲ್ಲಿ ಸಿಕ್ಕಿದ್ದು ಬರೀ ಗೌರವ ಅಲ್ಲ, ಕೆಲಸ.

ಮೊದಲು ಪ್ರತಿ ಪ್ಲೇಯರ್ ಜೊತೆ ಬೇರೆ ಬೇರೆಯಾಗಿ ಕಾಲ್‌ನಲ್ಲಿ ಕೂತೆ. ಗುಂಪಲ್ಲಿ ಕೇಳಿದರೆ ಒಬ್ಬ ರಾಜ ಅಂದ ಕೂಡಲೇ ಇನ್ನೊಬ್ಬ ಮಹಾರಾಜ ಅನ್ನುತ್ತಾನೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ನಿನ್ನ ಕ್ಯಾರೆಕ್ಟರ್ ಬೆಳಗ್ಗೆ ಎದ್ದು ಏನು ಮಾಡ್ತಾನೆ, ಅವನಿಲ್ಲದಿದ್ದರೆ ಊರಲ್ಲಿ ಯಾರಿಗೆ ಕಷ್ಟ ಆಗುತ್ತೆ, ಅವನಿಗೆ ನಾನು ಏನು ಮಾಡಬಾರದು ಅಂತ ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಸಿಂಹಾಸನ ಮಾತ್ರ ನಾನು ಯಾರಿಗೂ ಕೊಡುವುದಿಲ್ಲ. ಹಳೆ ಹೀರೋ ರಾಜನಾದರೆ ಹೊಸಬರು ಅವನ ಆಳುಗಳಾಗುತ್ತಾರೆ. ಹೊಸಬರು ದಾರಿಯಲ್ಲಿ ಹಾದು ಹೋಗಲೇಬೇಕಾದ ಜಾಗದಲ್ಲಿ, ಅವರಿಗೆ ಬೇಕಾದ ಒಂದು ಸಣ್ಣ ವಸ್ತು ಕೈಯಲ್ಲಿ ಹಿಡಿದು ಕೂತಿರಬೇಕು ಅವನು.

ಬೈರ ಅನ್ನೋ ಫೈಟರ್‌ನ ಪ್ಲೇಯರ್ ತಡ ಮಾಡಲೇ ಇಲ್ಲ. "ದೋಣಿ ನಡೆಸ್ತಾನೆ ಗುರು. ಆ ಕಡವಲ್ಲೇ." ಹಳೆ ಕ್ಯಾಂಪೇನಿನ ಕೊನೆ ಕಾಳಗ ಆ ಕಡವಿನಲ್ಲೇ ಆಗಿತ್ತು, ಹೊಳೆ ತಳದಲ್ಲಿದ್ದ ಬಾಗಿಲನ್ನು ಇವರೇ ಮುಚ್ಚಿದ್ದರು.

ಈಗ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಹದಿನೇಳನೇ ಲೆವೆಲ್ ಫೈಟರ್ ಊರಲ್ಲೇ ಇದ್ದಾನೆ, ಎರಡನೇ ಲೆವೆಲ್ ಹೊಸಬರು ಗಾಬ್ಲಿನ್‌ಗಳ ಹತ್ತಿರ ಒದೆ ತಿನ್ನುತ್ತಿದ್ದಾರೆ. ಅವನೇ ಯಾಕೆ ಹೋಗಿ ಬಡಿದು ಬರಬಾರದು? ಇದಕ್ಕೆ ಉತ್ತರ ಇಲ್ಲದೆ ಯಾರನ್ನೂ ನಿವೃತ್ತಿ ಮಾಡಿಸಬೇಡಿ. ವಯಸ್ಸಾಯಿತು ಅನ್ನೋ ಒಂದೇ ಕಾರಣ ಸಾಲುವುದಿಲ್ಲ, ಪ್ಲೇಯರ್‌ಗಳು ಒಂದೇ ಸೆಷನ್‌ನಲ್ಲಿ ಅದನ್ನು ಮುರಿದುಹಾಕುತ್ತಾರೆ. ಕಾರಣ ಹಳೆ ಕಥೆಯಿಂದಲೇ ಬಂದರೆ ಗಟ್ಟಿ. ಬೈರನ ಹತ್ತಿರ ಆ ಬಾಗಿಲಿನ ಕೀಲಿ ಇದೆ. ಸೂರ್ಯ ಮುಳುಗುವಾಗ ಕೀಲಿ ಹಿಡಿದವನು ಕಡವಲ್ಲಿ ಇರಲೇಬೇಕು, ಇಲ್ಲದಿದ್ದರೆ ಬಾಗಿಲು ತೆರೆಯುತ್ತದೆ. ಹಾಗಾಗಿ ಅವನು ಅರ್ಧ ದಿನದ ದಾರಿಗಿಂತ ದೂರ ಹೋಗುವ ಹಾಗಿಲ್ಲ.

ಉಮಾ ಅನ್ನೋ ವಿಜರ್ಡ್ (ಇಲ್ಲಿ ಮಂತ್ರವಾದಿ) ವಿಷಯದಲ್ಲಿ ರೂಲ್ಸೇ ದಾರಿ ತೋರಿಸಿತು. ಆಟದ ಐದನೇ ಎಡಿಷನ್‌ನಲ್ಲಿ ಹದಿನೇಳನೇ ಲೆವೆಲ್ ವಿಜರ್ಡ್‌ಗೆ, ಬಯಸಿದ್ದನ್ನು ಆಗಿಸುವ ವಿಶ್ ಸ್ಪೆಲ್ ಸಿಗುತ್ತದೆ. ಬೇರೆ ಸ್ಪೆಲ್ ನಕಲು ಮಾಡೋದು ಬಿಟ್ಟು ಮತ್ತೇನಾದರೂ ಬಯಸಿದರೆ, ಇನ್ನೆಂದೂ ವಿಶ್ ಹಾಕಲಾಗದೆ ಹೋಗುವ ಸಾಧ್ಯತೆ 33 ಪರ್ಸೆಂಟ್. ಕೊನೆ ಸೆಷನ್‌ನಲ್ಲಿ ಅವಳು ಮುಳುಗಿದ ಒಂದು ಹಳ್ಳಿಯನ್ನು ಮೇಲೆತ್ತಲು ವಿಶ್ ಹಾಕಿದಳು, ನೂರರ ಡೈಸ್‌ನಲ್ಲಿ 21 ಬಿತ್ತು, ವಿಶ್ ಹಾಕುವ ಶಕ್ತಿ ಹೋಯಿತು. ನಾನು ಅದಕ್ಕೆ ಒಂದೇ ಒಂದು ಎಳೆ ಸೇರಿಸಿದೆ: ಆ ಹಳ್ಳಿ ನೀರಿನ ಮೇಲೆ ತಾನಾಗಿ ನಿಲ್ಲುವುದಿಲ್ಲ, ಉಮಾ ದಿನಾ ತನ್ನ ದೊಡ್ಡ ಸ್ಪೆಲ್‌ಗಳನ್ನೆಲ್ಲ ಅದಕ್ಕೇ ಖರ್ಚು ಮಾಡಬೇಕು. ಉಳಿದ ಹೊತ್ತಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ನನ್ನ ನಾಡಲ್ಲಿ ನನಗೆ ಬಹಳ ಇಷ್ಟವಾದ ಜಾಗ ಅದು.

ಶೀಟ್ ವಿಷಯ ಬೇಗ ಹೇಳಿಬಿಡುತ್ತೇನೆ. ಹಳೆ ಶೀಟನ್ನು ಹಾಗೇ ಇಟ್ಟುಕೊಳ್ಳಬೇಡಿ. ಬೈರನಿಗೆ 157 ಹಿಟ್ ಪಾಯಿಂಟ್ (ಎಷ್ಟು ಏಟು ತಡೆಯಬಲ್ಲ ಅನ್ನೋ ಲೆಕ್ಕ) ಇತ್ತು, ಈಗ ಆಟದ ಪುಸ್ತಕ, 2014ರ ಮಾನ್ಸ್ಟರ್ ಮ್ಯಾನ್ಯುಯಲ್‌ನಲ್ಲಿರುವ ವೆಟರನ್‌ನ ಸ್ಟ್ಯಾಟ್ ಬ್ಲಾಕ್ (ಸಿದ್ಧ ಅಂಕಿಪಟ್ಟಿ), 58. ಉಮಾಗೆ ಅದೇ ಪುಸ್ತಕದ ಮೇಜ್ (ಮಂತ್ರವಾದಿ), 40. ಹಳೆ ಕ್ಯಾಂಪೇನಿನ ಒಂದು ಗುಣ ಮಾತ್ರ ಮೇಲೆ ಸೇರಿಸಿದರೆ ಸಾಕು. ಪ್ಲೇಯರ್‌ನನ್ನು ಮೊದಲೇ ಕೇಳಿ, ಇದು ಅವರ ವರ್ಷಗಳ ದುಡಿಮೆ ಅಲ್ವಾ.

ಟೊರಾಂಟೊದವಳು ಗುಬ್ಬಿ ಅನ್ನೋ ಕಳ್ಳಿಯನ್ನು ಆಡುತ್ತಿದ್ದಳು. ಅವಳು ಕೇಳಿದ್ದೇ ಬೇರೆ. "ಅವಳು ಯಾರ ಕಣ್ಣಿಗೂ ಬೀಳಬಾರದು. ಆದ್ರೆ ಊರಲ್ಲಿ ಅವಳ ಹೆಸರು ಓಡಾಡ್ತಾ ಇರ್ಬೇಕು." ಅದನ್ನು ಅಕ್ಷರಶಃ ಪಾಲಿಸಿದ್ದೇನೆ. ಬಂದರಿನ ಬೀಗದವರು "ಗುಬ್ಬಿಗೂ ಬಗ್ಗದ ಬೀಗ" ಅಂತ ಕೂಗಿ ಮಾರುತ್ತಾರೆ. ಒಂದು ಖಾಲಿ ಮನೆಗೆ ಪ್ರತಿ ವರ್ಷ ಬಾಡಿಗೆ ಬಂದು ಬೀಳುತ್ತದೆ, ಯಾರು ಕೊಡುತ್ತಾರೆ ಅಂತ ಮಾಲೀಕನಿಗೂ ಗೊತ್ತಿಲ್ಲ. ಹೊಸಬರು ಆ ಮನೆಯೊಳಗೆ ನುಗ್ಗಿ ಹುಡುಕಿದರು, ಇವಳು ಅದೇ ಕಾಲ್‌ನಲ್ಲಿ ಬೇರೆ ಕ್ಯಾರೆಕ್ಟರ್ ಆಡುತ್ತಾ ಒಂದು ಮಾತೂ ಬಿಟ್ಟುಕೊಡಲಿಲ್ಲ.

ಗುಂಪು ಬಿಟ್ಟು ಹೋದವರ ಕ್ಯಾರೆಕ್ಟರ್ ಆದರೆ ಮೆಸೇಜ್ ಹಾಕಿ ಅನುಮತಿ ಕೇಳುತ್ತೇನೆ. ನಮ್ಮ ಕ್ಲೆರಿಕ್ (ದೇವರ ಸೇವೆಯ ಕ್ಯಾರೆಕ್ಟರ್) ಆಡುತ್ತಿದ್ದವನು "ಹೆಸರು ಬಳಸ್ಕೋ, ಸಾಯಿಸ್ಬೇಡ" ಅಂದ. ಉತ್ತರ ಬರದಿದ್ದರೆ ಆ ಕ್ಯಾರೆಕ್ಟರ್ ದೂರದ ಯಾತ್ರೆಗೆ ಹೋದ ಅಂತ ಒಂದು ಸಾಲು, ಅಷ್ಟೇ. ಕೇಳದೆ ಬಳಸೋದು ಸರಿಯಲ್ಲ.

ಧ್ವನಿ ಯಾರದ್ದು? ಮೊದಲ ಭೇಟಿಯಲ್ಲಿ ಹಳೆ ಪ್ಲೇಯರ್‌ನದ್ದೇ ಇರಬೇಕು, ಆಮೇಲೆ ಡಿಎಂ ನಿಧಾನಕ್ಕೆ ತಗೊಳ್ಳಬೇಕು ಅನ್ನೋದು ನನ್ನ ಪಕ್ಕಾ ಅಭಿಪ್ರಾಯ. ಹೊಸ ತಂಡ ಕಡವಿಗೆ ಬಂದ ದಿನ ಬೈರನ ಪ್ಲೇಯರ್ ತನ್ನ ಹೊಸ ಕ್ಯಾರೆಕ್ಟರನ್ನು ಗಾಡಿಯಲ್ಲಿ ಮಲಗಿಸಿ ಹಳಬನಾಗಿ ಮಾತಾಡಿದ. ಎದುರಿಗೆ ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಹುಡುಗಿಯ ಕ್ಯಾರೆಕ್ಟರ್, ಒಬ್ಬ ರೇಂಜರ್ (ಕಾಡು ಬಲ್ಲ ಯೋಧೆ). ಅವಳಿಗೆ ಹಳೆ ಕಥೆ ಏನೂ ಗೊತ್ತಿಲ್ಲ.

"ಬಾಡಿಗೆ ಎಷ್ಟು ಅಜ್ಜ?"

"ತಲೆಗೆ ಎರಡು ಕಾಸು. ಕತ್ತಿ ಇದ್ದೋರಿಗೆ ನಾಲ್ಕು."

"ಅದ್ಯಾಕೆ?"

"ಕತ್ತಿ ಹಿಡ್ಕೊಂಡು ಹೋದೋರು ವಾಪಸ್ ಬರೋದು ಕಮ್ಮಿ ಮಗಳೇ. ಬರೋ ಬಾಡಿಗೇನೂ ಈಗ್ಲೇ ತಗೊಂಡ್ಬಿಡ್ತೀನಿ."

ಅವಳು ಚೌಕಾಸಿ ಮಾಡಿ ಮೂರಕ್ಕೆ ಇಳಿಸಿದಳು. ಅವನ ಎಡಗೈಯಲ್ಲಿ ಎರಡು ಬೆರಳಿಲ್ಲದ್ದು ನೋಡಿ ಕೇಳಿದಳು, ಅವನು "ಹಳೇ ಕೆಲಸ" ಅಂದು ಹುಟ್ಟು ಎತ್ತಿಕೊಂಡ. ಆ ಬೆರಳು ಯಾವ ಟ್ರೋಲ್ ಬಾಯಲ್ಲಿ ಹೋಯಿತು ಅಂತ ಹಳಬರಿಗೆಲ್ಲ ಗೊತ್ತು, ಚಾಟ್ ತುಂಬಾ ಎಮೋಜಿ. ಆದರೆ ಅವಳಿಗೆ ಅವನು ಒಬ್ಬ ಅಂಬಿಗ. ಹೀರೋ ಅಂತ ಕೈಮುಗಿಯಲಿಲ್ಲ, ಚೌಕಾಸಿ ಮಾಡಿದಳು. ನನಗೆ ಬೇಕಾಗಿದ್ದೂ ಅದೇ.

ಸೆಷನ್‌ಗಳ ಮಧ್ಯೆ ಡಿಸ್ಕಾರ್ಡ್‌ನಲ್ಲಿ ಕಡವಿಗೆ ಅಂತಲೇ ಒಂದು ಚಾನೆಲ್ ಇದೆ. ಟಪ್ಪರ್‌ಬಾಕ್ಸ್ ಬಾಟ್ ಹಾಕಿದ್ದರಿಂದ ಅಲ್ಲಿ ಬೈರ ತನ್ನ ಹೆಸರು, ತನ್ನ ಮುಖದಲ್ಲೇ ಬರೆಯುತ್ತಾನೆ. ಊರ ಸುದ್ದಿ ಎಷ್ಟು ಬೇಕಾದರೂ ಹೇಳಬಹುದು, ಒಗಟಿಗೆ ಉತ್ತರ ಹೇಳುವ ಹಾಗಿಲ್ಲ ಅಂತ ಒಪ್ಪಂದ.

ನಿವೃತ್ತರ ಸಾವಿಗೆ ನಾನು ಡೈಸ್ ಹಾಕುವುದಿಲ್ಲ, ಅದು ಆಡಿದವರ ನಿರ್ಧಾರ. ಮೊನ್ನೆ ಬೈರನ ಪ್ಲೇಯರ್ ತಾನಾಗೇ ಕಾಲ್ ಮಾಡಿ, "ಅವನಿಗೆ ಸಾಕಾಯ್ತು ಮಗಾ, ಕೀಲಿ ಆ ರೇಂಜರ್‌ಗೆ ಕೊಡ್ತಾನೆ, ತಗೊಂಡ್ರೆ" ಅಂದ. ಕಳೆದ ಸೆಷನ್‌ನಲ್ಲಿ ಬೈರ ಕೀಲಿ ಚಾಚಿದ. ತಗೊಂಡರೆ ಅವಳ ರೇಂಜರ್ ಕಡವಿಗೆ ಅಂಟಿಕೊಂಡ ಹಾಗೆ, ಅಂದರೆ ಅವಳು ಇನ್ನೊಂದು ಹೊಸ ಕ್ಯಾರೆಕ್ಟರ್ ಮಾಡಬೇಕಾಗುತ್ತದೆ. ಯೋಚನೆ ಮಾಡಲು ಒಂದು ವಾರ ಕೇಳಿದ್ದಾಳೆ. ಅಷ್ಟರೊಳಗೆ ನಾನು ಬಾಗಿಲಿನ ಆಚೆ ಏನಿದೆ ಅಂತ ಬರೆದಿಟ್ಟುಕೊಳ್ಳಬೇಕು, ಬೇಡ ಅಂದರೆ ಅದು ತೆರೆಯುತ್ತದಲ್ಲ.