ಮಗುವಿನ ಶಾಲೆ ಬದಲಾಗಿದೆ: ಲೈನ್ ಮನೆವರೆಗೂ ಸುದ್ದಿ ಮುಟ್ಟಿಸುವುದು ಹೇಗೆ?

ನಮ್ಮೂರ ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸಿದ್ದಾರೆ ಅನ್ನುವ ವಿಷಯ ಎಷ್ಟೋ ಮನೆಗಳಿಗೆ ಗೊತ್ತಾಗುವುದು ಶಾಲೆ ಶುರುವಾಗುವ ದಿನ, ಬೀಗ ಹಾಕಿದ ಗೇಟಿನ ಮುಂದೆ. ಮಗು ಬ್ಯಾಗ್ ಹಾಕಿಕೊಂಡು ನಿಂತಿರುತ್ತದೆ. ಮಳೆ ಹಿಡಿದಿರುತ್ತದೆ. ಅಪ್ಪ ಅಮ್ಮ ಆಗಲೇ ತೋಟದ ಕೆಲಸಕ್ಕೆ ಹೋಗಿರುತ್ತಾರೆ. ಆದೇಶ ಏಪ್ರಿಲ್‌ನಲ್ಲೇ ಬಂದಿತ್ತು, ನೋಟಿಸ್ ಬೋರ್ಡಿಗೆ ಅಂಟಿಸಿದ್ದರು, ವಾಟ್ಸ್‌ಆ್ಯಪ್ ಗುಂಪಿಗೂ ಅದರ ಫೋಟೊ ಹಾಕಿದ್ದರು. ಆದರೂ ಯಾರಿಗೆ ತಿಳಿಯಬೇಕಿತ್ತೋ ಅವರಿಗೆ ತಿಳಿಯಲಿಲ್ಲ.

ಕೊಡಗಿನಲ್ಲಿ ಈ ಕೆಲಸ ನಿಜವಾಗಿ ಕಷ್ಟ. ಮನೆಗಳು ಒಂದೇ ಕಡೆ ಇಲ್ಲ. ಒಂದಷ್ಟು ಮಕ್ಕಳು ತೋಟದ ಲೈನ್ ಮನೆಯಿಂದ (ಕೆಲಸದವರಿಗೆ ತೋಟದಲ್ಲೇ ಸಾಲಾಗಿ ಕಟ್ಟಿದ ಮನೆ), ಒಂದಷ್ಟು ಪೈಸಾರಿಯಿಂದ (ಸರ್ಕಾರಿ ಜಾಗದಲ್ಲಿ ಎದ್ದ ಮನೆಗಳು), ಒಂದಷ್ಟು ಹಾಡಿಯಿಂದ (ಬುಡಕಟ್ಟು ಜನರ ಊರು) ಬರುತ್ತಾರೆ. ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಾತು ಎಲ್ಲ ಕೇಳಿಸುತ್ತವೆ. ಈಗ ಅಸ್ಸಾಂ ಕಡೆಯಿಂದ ಬಂದವರ ಮಕ್ಕಳೂ ಇದ್ದಾರೆ. ಕಾಫಿ ಕೊಯ್ಲು ಮುಗಿದ ಮೇಲೆ ಕೆಲವು ಕುಟುಂಬಗಳು ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಹೋಗಿಬಿಡುತ್ತವೆ. ಹಾಗಾಗಿ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಪಂಚಾಯಿತಿ ಸದಸ್ಯರು ಈ ಕೆಲಸವನ್ನು ಮಾರ್ಚ್ ಕೊನೆಗೇ ಶುರು ಮಾಡಬೇಕು. ಏಪ್ರಿಲ್ ಎರಡನೇ ವಾರಕ್ಕೆ ಬೇಸಿಗೆ ರಜೆ ಬಂದರೆ ಮಕ್ಕಳು ಕೈಗೆ ಸಿಗುವುದಿಲ್ಲ.

1. ಆದೇಶದ ಪ್ರತಿ ಕೈಗೆ ತಗೊಳ್ಳಿ

ಬಾಯಿ ಮಾತು ನಂಬಿ ಯಾರಿಗೂ ಹೇಳಬೇಡಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಬರವಣಿಗೆಯಲ್ಲಿ ಪಡೆಯಿರಿ. ಯಾವ ತರಗತಿಯಿಂದ, ಯಾವ ವರ್ಷದಿಂದ, ಯಾವ ಶಾಲೆಗೆ, ಇಷ್ಟು ಅದರಲ್ಲಿ ಇದೆಯಾ ನೋಡಿ.

2. ಪಟ್ಟಿಯನ್ನು ತರಗತಿವಾರು ಬರೆಯಬೇಡಿ, ಮನೆವಾರು ಬರೆಯಿರಿ

ಹಾಜರಿ ಪುಸ್ತಕ ನೋಡಿ ಪಟ್ಟಿ ಮಾಡಿದರೆ ಅರ್ಧ ಮಕ್ಕಳು ಬಿಟ್ಟುಹೋಗುತ್ತಾರೆ. ಇಂಥ ತೋಟ, ಇಂಥ ಲೈನು, ಅಲ್ಲಿ ಎಷ್ಟು ಮಕ್ಕಳು ಅಂತ ಬರೆಯಿರಿ. ಜೂನ್‌ನಲ್ಲಿ ಒಂದನೇ ತರಗತಿಗೆ ಬರಬೇಕಾದವರ ಹೆಸರು ಅಂಗನವಾಡಿ ಕಾರ್ಯಕರ್ತೆ ಹತ್ತಿರ ಇರುತ್ತದೆ. ಹೊಸದಾಗಿ ಬಂದ ಕುಟುಂಬ ಯಾವುದು, ಬಿಟ್ಟು ಹೋದವರು ಯಾರು ಅನ್ನುವುದು ತೋಟದ ಲೆಕ್ಕ, ಹಾಜರಿ ನೋಡುವ ರೈಟರಿಗೆ ಗೊತ್ತಿರುತ್ತದೆ. ಇವರಿಬ್ಬರನ್ನು ಕೇಳದೆ ಪಟ್ಟಿ ಮುಗಿಯುವುದಿಲ್ಲ.

3. ದಾರಿಯನ್ನು ನಡೆದೇ ನೋಡಿ

ಕೆಲಸ ಕೆಡುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಯ ಮಗುವಿಗೆ ಮನೆಯಿಂದ 1 ಕಿಲೋಮೀಟರ್ ಒಳಗೆ, 6ರಿಂದ 8ನೇ ತರಗತಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಕಾಗದದ ಮೇಲೆ ಎರಡು ಶಾಲೆಗಳ ನಡುವಿನ ದೂರ ನೋಡಿ ‘ಹತ್ತಿರವೇ ಇದೆಯಲ್ಲ’ ಅಂದುಬಿಡುತ್ತಾರೆ. ಆದರೆ ಮಗು ಹೊರಡುವುದು ಹಳೆ ಶಾಲೆಯಿಂದ ಅಲ್ಲ, ತನ್ನ ಮನೆಯಿಂದ. ಹಳೆ ಶಾಲೆಗಿಂತ ಆಚೆ ಬದಿಯ ಗುಡ್ಡದಲ್ಲಿ ಮನೆ ಇದ್ದರೆ ದೂರ ಎಲ್ಲಿಗೋ ಹೋಗುತ್ತದೆ. ಫೋನಿನ ನಕ್ಷೆಯೂ ಸಾಲುವುದಿಲ್ಲ. ತೋಟದ ಒಳದಾರಿಗಳು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಕಂಡರೂ ಅಲ್ಲಿ ಗೇಟ್ ಇದೆ ಅಂತ ಅದು ಹೇಳುವುದಿಲ್ಲ.

ಆದ್ದರಿಂದ ಬೆಳಗ್ಗೆ ಮಗು ಹೊರಡುವ ಹೊತ್ತಿಗೇ ಹೊರಡಿ. ಅತಿ ದೂರದ ಲೈನ್ ಮನೆಯಿಂದ ಶುರು ಮಾಡಿ. ಜೊತೆಗೆ ಒಂದನೇ ಅಥವಾ ಎರಡನೇ ತರಗತಿಯ ಒಂದು ಮಗುವನ್ನೂ ಅವರಮ್ಮನನ್ನೂ ಕರೆದುಕೊಳ್ಳಿ. ದೊಡ್ಡವರು ಇಪ್ಪತ್ತು ನಿಮಿಷದಲ್ಲಿ ಮುಗಿಸುವ ಏರುದಾರಿ ಆರು ವರ್ಷದ ಕಾಲಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ಆಗ ಗೊತ್ತಾಗುತ್ತದೆ. ನೋಟಿಸಿನಲ್ಲಿ ಬರೆಯಬೇಕಾದದ್ದು ಆ ಹೊತ್ತನ್ನೇ.

ನಡೆಯುವಾಗ ನೋಡಬೇಕಾದವು ಕೆಲವಿವೆ. ಮೊದಲನೆಯದು ನೀರು. ಏಪ್ರಿಲ್‌ನಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ದಾಟುವ ತೋಡು (ಸಣ್ಣ ಹಳ್ಳ) ಜುಲೈನಲ್ಲಿ ದಾಟುವಂಥದ್ದಲ್ಲ. ಅಡಿಕೆ ಮರದ ಕಾಲುಸಂಕ ಇದ್ದರೆ ಅದು ಯಾವಾಗ ಹಾಕಿದ್ದು, ಮಳೆಗಾಲಕ್ಕೆ ಮೊದಲು ಬದಲಿಸುವವರು ಯಾರು ಅಂತ ಕೇಳಿ. ಬರೆ (ಗುಡ್ಡದ ಕಡಿದಾದ ಬದಿ) ಕುಸಿಯುವ ಜಾಗ ಯಾವುದು ಅನ್ನುವುದು 2018ರ ಆಗಸ್ಟ್‌ನ ಭೂಕುಸಿತ ನೋಡಿದ ಊರಿನವರಿಗೆ ಚೆನ್ನಾಗಿ ಗೊತ್ತು. ಅವರನ್ನು ಕೇಳಿ, ಆ ಜಾಗ ತಪ್ಪಿಸಿ ಬೇರೆ ದಾರಿ ಗುರುತು ಹಾಕಿ. ಒಟ್ಟಿನಲ್ಲಿ ಪ್ರತಿ ಲೈನಿಗೂ ಎರಡು ದಾರಿ ಬೇಕು. ಒಂದು ಬೇಸಿಗೆಯದು, ಇನ್ನೊಂದು ಮಳೆಯದು. ಮಳೆ ದಾರಿ ಉದ್ದವಾದರೂ ಟಾರ್ ರಸ್ತೆಯಲ್ಲೇ ಇರಲಿ ಅನ್ನುವುದು ನನ್ನ ಖಡಾಖಂಡಿತ ಮಾತು.

ಎರಡನೆಯದು ಗೇಟು. ಒಳದಾರಿ ಬೇರೆಯವರ ತೋಟದೊಳಗೆ ಹಾದರೆ ಮಾಲೀಕರನ್ನು ಈಗಲೇ ಮಾತಾಡಿಸಿ. ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಆದರೆ ಕಾಫಿ ಹಣ್ಣಾದಾಗ ಕಳ್ಳತನದ ಭಯಕ್ಕೆ ಗೇಟಿಗೆ ಬೀಗ ಬೀಳುತ್ತದೆ. ಡಿಸೆಂಬರ್‌ನಲ್ಲಿ ಬಂದು ಕೇಳುವುದಕ್ಕಿಂತ ಈಗ ಕೇಳಿದರೆ ಒಳ್ಳೆಯದು, ಅಲ್ವಾ? ಸೋಲಾರ್ ಬೇಲಿ ಎಲ್ಲಿದೆ ಅಂತ ಮಕ್ಕಳಿಗೆ ಕೈ ಮಾಡಿ ತೋರಿಸಿ.

ಮೂರನೆಯದು ಆನೆ. ಸಿದ್ದಾಪುರ, ಮಾಲ್ದಾರೆ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಳಗ್ಗೆ ಬೇಗ, ಸಂಜೆ ತಡವಾಗಿ ಮಕ್ಕಳು ಒಬ್ಬೊಬ್ಬರೇ ನಡೆಯುವ ದಾರಿಯನ್ನು ಸುಮ್ನೆ ಕೂಡ ಸೂಚಿಸಬೇಡಿ. ಆನೆ ಓಡಾಡುವ ಕಡೆ ಮಕ್ಕಳು ಗುಂಪಿನಲ್ಲಿ, ದೊಡ್ಡವರೊಬ್ಬರ ಜೊತೆ ಬರಬೇಕು. ಹತ್ತಿರದ ಅರಣ್ಯ ಇಲಾಖೆಯವರ ಫೋನ್ ನಂಬರ್ ಆ ದೊಡ್ಡವರ ಬಳಿ ಇರಬೇಕು. ಆನೆ ಬಂದಿದೆ ಅಂತ ಮಗು ರಜೆ ಹಾಕಿದರೆ ಹೊಸ ಶಾಲೆಯ ಶಿಕ್ಷಕರು ಗದರಬಾರದು. ಇದನ್ನು ಅವರಿಗೂ ಮೊದಲೇ ಹೇಳಿಡಿ.

ನಾಲ್ಕನೆಯದು ಬಸ್ಸು. ‘ಬಸ್ ಫ್ರೀ ಇದೆಯಲ್ಲ’ ಅನ್ನುವ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮಲ್ಲಿ ಎಷ್ಟೋ ಒಳರಸ್ತೆಗಳಲ್ಲಿ ಓಡುವುದು ಖಾಸಗಿ ಬಸ್. ಅಲ್ಲಿ ಹೆಣ್ಣುಮಕ್ಕಳಿಗೂ ಟಿಕೆಟ್ ಬೇಕು, ಕೆಎಸ್‌ಆರ್‌ಟಿಸಿ ಪಾಸ್ ಕೂಡ ನಡೆಯುವುದಿಲ್ಲ. ಇನ್ನೊಂದು ವಿಷಯ ಯಾರಿಗೂ ಹೊಳೆಯುವುದಿಲ್ಲ. ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ನೋಡುತ್ತದೆ. ಅಸ್ಸಾಂ ವಿಳಾಸದ ಆಧಾರ್ ಇರುವ ಹುಡುಗಿಗೆ ಅದು ಸಿಗುವುದಿಲ್ಲ. ಹಾಗಾಗಿ ಯಾವ ಬಸ್, ಎಷ್ಟು ಗಂಟೆಗೆ, ಟಿಕೆಟ್ ಎಷ್ಟು ಅನ್ನುವುದನ್ನು ಕಂಡಕ್ಟರ್ ಹತ್ತಿರವೇ ಕೇಳಿ ಬರೆದುಕೊಳ್ಳಿ.

ದೂರ ಮಿತಿ ದಾಟಿದರೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಕ್ಕಳಿಗೆ ಸಾರಿಗೆ ಭತ್ಯೆಗೆ ಅವಕಾಶ ಇದೆ. ಅದು ತಾನಾಗಿ ಬರುವುದಿಲ್ಲ. ಮಕ್ಕಳ ಹೆಸರು, ಮನೆ, ನಡೆದು ಅಳೆದ ದೂರ ಇಷ್ಟನ್ನು ಬರೆದು ಶಾಲೆಯಿಂದಲೇ ಕಳಿಸಬೇಕು. ನಡೆದು ನೋಡಿದ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ.

4. ಚೀಟಿ ಬರೆಯಿರಿ, ಆಮೇಲೆ ಬಾಯಲ್ಲಿ ಹೇಳಿ

ಆದೇಶದ ಭಾಷೆ ಪೋಷಕರಿಗೆ ಬೇಡ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಶುರುವಾದರೆ ಎರಡನೇ ಸಾಲಿಗೇ ಓದುವುದು ನಿಲ್ಲಿಸುತ್ತಾರೆ. ಅರ್ಧ ಹಾಳೆ ಸಾಕು. ಹೀಗೆ ಬರೆಯಿರಿ:

‘ನಿಮ್ಮ ಮಗಳ ಶಾಲೆ ಜೂನ್‌ನಿಂದ ಬದಲಾಗಿದೆ. ಇನ್ನು ಮೇಲೆ ಅವಳು ಇಂಥ ಶಾಲೆಗೆ ಹೋಗಬೇಕು. ನಿಮ್ಮ ಲೈನಿನಿಂದ ಮಗು ನಡೆದು ಬರಲು ಇಷ್ಟು ಹೊತ್ತು ಬೇಕು. ಬಸ್ ಬೆಳಗ್ಗೆ ಇಷ್ಟು ಗಂಟೆಗೆ ತೋಟದ ಗೇಟ್ ಹತ್ತಿರ ನಿಲ್ಲುತ್ತದೆ. ಮಳೆ ಜೋರಾದರೆ ತೋಡಿನ ದಾರಿಯಲ್ಲಿ ಕಳಿಸಬೇಡಿ. ಊಟ, ಹಾಲು, ಪುಸ್ತಕ, ಸಮವಸ್ತ್ರ ಅಲ್ಲೂ ಸಿಗುತ್ತದೆ. ಟಿಸಿಗೆ (ವರ್ಗಾವಣೆ ಪತ್ರಕ್ಕೆ) ನೀವು ಓಡಾಡಬೇಕಿಲ್ಲ, ನಾವೇ ಕಳಿಸುತ್ತೇವೆ. ಏನಾದರೂ ಕೇಳಬೇಕಿದ್ದರೆ ಈ ನಂಬರಿಗೆ ಫೋನ್ ಮಾಡಿ.’

ಖಾಲಿ ಬಿಟ್ಟ ಜಾಗಗಳನ್ನು ಒಂದೊಂದು ಲೈನಿಗೂ ಬೇರೆ ಬೇರೆ ತುಂಬಿ. ಎಲ್ಲರಿಗೂ ಒಂದೇ ಚೀಟಿ ಕೊಟ್ಟರೆ ಮೂರನೇ ಹಂತದಲ್ಲಿ ನಡೆದದ್ದೆಲ್ಲ ದಂಡ.

ಫ್ಲೆಕ್ಸ್ ಮಾಡಿಸಬೇಡಿ. ದುಡ್ಡು ಹೋಗುತ್ತದೆ, ಗಾಳಿಗೆ ಹರಿಯುತ್ತದೆ. ಇಂಕ್ ಪ್ರಿಂಟರಿನಲ್ಲಿ ತೆಗೆದ ಚೀಟಿಯೂ ಬೇಡ, ಒಂದು ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದರೆ ಅಕ್ಷರ ಕರಗಿ ನೀಲಿ ಕಲೆಯಷ್ಟೇ ಉಳಿಯುತ್ತದೆ. ಜೆರಾಕ್ಸ್ ಪ್ರತಿ ಗಟ್ಟಿ. ಅಂಟಿಸುವುದಾದರೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ನ್ಯಾಯಬೆಲೆ ಅಂಗಡಿ, ತೋಟದ ಆಫೀಸು, ಬಸ್ ತಂಗುದಾಣದಲ್ಲಿ ಅಂಟಿಸಿ. ಫೋನಿನ ಅನುವಾದ ಆ್ಯಪ್ ನಂಬಿ ಹಿಂದಿ, ಮಲಯಾಳದಲ್ಲಿ ಚೀಟಿ ಮಾಡುವುದನ್ನೂ ನಾನು ಒಪ್ಪುವುದಿಲ್ಲ. ಒಂದು ಕಡೆ ಟಿಸಿ ಅನ್ನುವುದು ಶಾಲೆಯಿಂದ ಹೆಸರು ತೆಗೆದುಹಾಕಿದ್ದೇವೆ ಅನ್ನುವ ಅರ್ಥ ಬರುವ ಹಾಗೆ ಅನುವಾದವಾಗಿ, ಆ ತಾಯಿ ಎರಡು ದಿನ ಅತ್ತಿದ್ದರು. ಆ ಭಾಷೆ ಆಡುವವರೊಬ್ಬರನ್ನು ಹಿಡಿದು ಒಂದು ನಿಮಿಷದ ವಾಯ್ಸ್ ಮೆಸೇಜ್ ಮಾಡಿಸಿ. ಓದು ಬಾರದವರಿಗೂ ಅದು ತಲುಪುತ್ತದೆ. ಹಳೇ ವಿದ್ಯಾರ್ಥಿನಿಯರು ಇದನ್ನು ಬಹಳ ಚೆನ್ನಾಗಿ ಮಾಡುತ್ತಾರೆ.

ಆಮೇಲೆ ಮುಖಾಮುಖಿ. ಪೋಷಕರ ಸಭೆಯನ್ನು ಕೆಲಸದ ದಿನ ಹನ್ನೊಂದು ಗಂಟೆಗೆ ಕರೆದರೆ ಯಾರೂ ಬರುವುದಿಲ್ಲ. ಆ ದಿನದ ಕೂಲಿ ಹೋಗುತ್ತದೆ ಅವರಿಗೆ. ತೋಟದಲ್ಲಿ ಬಟವಾಡೆ ಆಗುವ ಸಂಜೆ ಹೋಗಿ, ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಸಂತೆ ದಿನವೂ ಆಗಬಹುದು. ಮಡಿಕೇರಿಯಲ್ಲಿ ಶುಕ್ರವಾರ, ಗೋಣಿಕೊಪ್ಪದಲ್ಲಿ ಭಾನುವಾರ ಸಂತೆಗೆ ಬಾರದ ಮನೆ ಕಡಿಮೆ. ಹಾಡಿಗೆ ಹೋಗುವಾಗ ಆ ಹಾಡಿಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹೇಳಿ ಮುಗಿಸಿದ ಮೇಲೆ ‘ಗೊತ್ತಾಯ್ತಾ?’ ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಅಕ್ಕಾ, ಜೂನ್‌ನಲ್ಲಿ ಮಗೂನ ಎಲ್ಲಿಗೆ ಕಳಿಸ್ತೀರಿ, ಯಾವ ದಾರಿಯಲ್ಲಿ?’ ಅಂತ ಕೇಳಿ. ಅವರ ಬಾಯಿಂದ ಸರಿ ಉತ್ತರ ಬಂದರೆ ಪಟ್ಟಿಯಲ್ಲಿ ಗುರುತು ಹಾಕಿ.

5. ಟಿಸಿ ಮತ್ತು ಕಾಗದಪತ್ರ

ಟಿಸಿ ತಕ್ಷಣ ಕೊಡಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್‌ನಲ್ಲೇ ಇದೆ. ಟಿಸಿ ತಡವಾದರೂ ಹೊಸ ಶಾಲೆ ಮಗುವನ್ನು ಸೇರಿಸಿಕೊಳ್ಳಲೇಬೇಕು. ಹುಟ್ಟಿದ ದಿನದ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸುವಂತಿಲ್ಲ. ಶಾಲೆಯನ್ನೇ ನೋಡದ ಹತ್ತು ವರ್ಷದ ಮಗು ಬಂದರೆ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಸ್ಯಾಟ್ಸ್ ನಂಬರನ್ನು (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ನಂಬರ್) ಚೀಟಿಯ ಮೂಲೆಯಲ್ಲಿ ಬರೆದುಕೊಡಿ. ತೋಟ ಬದಲಿಸುವ ಕುಟುಂಬಕ್ಕೆ ಎಲ್ಲಿ ಹೋದರೂ ಅದು ಬೇಕಾಗುತ್ತದೆ.

6. ಚೀಟಿಯ ಹಿಂದಿನ ಬದಿ: ರಜೆಯಲ್ಲಿ ಮಕ್ಕಳು ಎಲ್ಲಿರಬೇಕು?

ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ಎರಡು ತಿಂಗಳ ಹತ್ತಿರ ಮಕ್ಕಳು ಲೈನಿನಲ್ಲಿ ತಮ್ಮ ಪಾಡಿಗೆ ಇರುತ್ತಾರೆ. ಹಾಗಾಗಿ ರಜೆಯ ವಿವರವನ್ನೂ ಅದೇ ಚೀಟಿಯ ಹಿಂದೆ ಬರೆಯಿರಿ.

ನನ್ನ ಮೊದಲ ಆಯ್ಕೆ ಪಂಚಾಯಿತಿ ಗ್ರಂಥಾಲಯ. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಎಷ್ಟೋ ಪಂಚಾಯಿತಿಗಳು ಮೇ ತಿಂಗಳಲ್ಲಿ ಅಲ್ಲೇ ಬೇಸಿಗೆ ಶಿಬಿರವನ್ನೂ ನಡೆಸುತ್ತವೆ. ತೆರೆಯುವ ಹೊತ್ತು, ಶಿಬಿರದ ತಾರೀಕು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ ಬರೆಯಿರಿ. ಹೊಸ ಶಾಲೆ ಇರುವ ಊರಿನ ಅರಿವು ಕೇಂದ್ರಕ್ಕೇ ಕಳಿಸಿದರೆ ಇನ್ನೂ ಒಳ್ಳೆಯದು. ಜೂನ್‌ಗೆ ಮೊದಲೇ ದಾರಿ ಪರಿಚಯ ಆಗುತ್ತದೆ, ಒಂದಿಬ್ಬರು ಗೆಳೆಯರೂ ಸಿಗುತ್ತಾರೆ. ದುಡ್ಡು ತೆಗೆದುಕೊಂಡು ಏಳು ದಿನ ಬಣ್ಣದ ಕಾಗದ ಕತ್ತರಿಸುವ ಪೇಟೆ ಶಿಬಿರಗಳಿಗೆ ಕೂಲಿ ದುಡ್ಡು ಹಾಕಬೇಡಿ ಅಂತ ಪೋಷಕರಿಗೆ ನೇರವಾಗಿಯೇ ಹೇಳಿ.

ಹಾಕಿ ಕ್ಯಾಂಪು ಇದ್ದರೆ ಖಂಡಿತ ಕಳಿಸಲಿ. 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ಶುರುವಾದ ಮೇಲೆ ಏಪ್ರಿಲ್, ಮೇ ಅಂದರೆ ಕೊಡಗಿನಲ್ಲಿ ಹಾಕಿಯದ್ದೇ ಕಾಲ. ಮೈದಾನಗಳಲ್ಲಿ ಮಕ್ಕಳಿಗೂ ಬೇಸಿಗೆ ತರಬೇತಿ ನಡೆಯುತ್ತದೆ. ಲೈನ್ ಮನೆ ಮಕ್ಕಳಿಗೆ ಸ್ಟಿಕ್ ಸಿಗುತ್ತದಾ ಅಂತ ತರಬೇತಿ ಕೊಡುವವರನ್ನು ನೀವೇ ಕೇಳಿ. ಪೋಷಕರು ಸಂಕೋಚಕ್ಕೆ ಕೇಳುವುದಿಲ್ಲ.

ತೀರಾ ಚಿಕ್ಕವರಿಗೆ, ನಿಮ್ಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ (ಪಂಚಾಯಿತಿಯ ಶಿಶುಪಾಲನಾ ಕೇಂದ್ರ) ಇದೆಯಾ ವಿಚಾರಿಸಿ. ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು ದೊಡ್ಡ ಹುಡುಗಿ ಮನೆಯಲ್ಲಿ ಉಳಿಯುವುದು ಅದರಿಂದ ತಪ್ಪಬಹುದು.

ಕೆರೆಯ ಎಚ್ಚರಿಕೆಯನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕಾಫಿಗೆ ನೀರು ಹಾಯಿಸಲು ತೋಡಿದ ಕೆರೆಗಳಿಗೆ ಅಂಚು ಇರುವುದಿಲ್ಲ, ಇಳಿದ ಕೂಡಲೇ ಆಳ. ಬದಿಯ ಮಣ್ಣು ಜಾರುತ್ತದೆ, ಈಜು ಬಂದರೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳು ಹೋಗಿಬಿಡುವುದು ಇಂಥ ಕಡೆಯೇ. ಕೆರೆಗೆ ಬೇಲಿ ಹಾಕಿಸಿ ಅಂತ ತೋಟದವರಿಗೂ ಹೇಳಿ. ಮಕ್ಕಳು ತೊಂದರೆಯಲ್ಲಿದ್ದರೆ ಕರೆ ಮಾಡಲು 1098 ನಂಬರನ್ನೂ ಅದರ ಕೆಳಗೇ ಬರೆಯಿರಿ.

7. ಶಾಲೆ ಶುರುವಾದ ವಾರ

ಮೊದಲ ಮೂರು ದಿನ ಹಳೆ ಶಾಲೆಯ ಗೇಟಿನ ಹತ್ತಿರ ಒಬ್ಬರು ನಿಂತಿರಬೇಕು. ಎಷ್ಟೇ ಹೇಳಿದ್ದರೂ ಒಂದೆರಡು ಮಕ್ಕಳು ಅಲ್ಲಿಗೇ ಬರುತ್ತಾರೆ. ಅವರನ್ನು ಹೊಸ ಶಾಲೆಗೆ ಕರೆದುಕೊಂಡು ಹೋಗಿ ಬಿಡಿ. ವಾರದ ಕೊನೆಗೆ ನಿಮ್ಮ ಪಟ್ಟಿ ಹಿಡಿದು ಹೊಸ ಶಾಲೆಯ ಹಾಜರಿ ಜೊತೆ ಒಂದೊಂದೇ ಹೆಸರು ಹೊಂದಿಸಿ. ಸಿಗದ ಹೆಸರಿಗೆ ಫೋನ್ ಮಾಡಿ. ಫೋನ್ ಸ್ವಿಚ್ ಆಫ್ ಇದ್ದರೆ ರೈಟರನ್ನು ಕೇಳಿ. ಕುಟುಂಬ ಬೇರೆ ತೋಟಕ್ಕೆ ಹೋಗಿದ್ದರೆ ಅದು ಯಾವ ಊರು ಅಂತ ತಿಳಿದುಕೊಂಡು, ಆ ಊರಿನ ಶಾಲೆಯ ಮುಖ್ಯ ಶಿಕ್ಷಕರಿಗೆ ಮಗುವಿನ ಹೆಸರು, ಸ್ಯಾಟ್ಸ್ ನಂಬರ್ ತಿಳಿಸಿ. ಅಲ್ಲಿ ಸೇರಿದ ಸುದ್ದಿ ಬರುವವರೆಗೆ ಪಟ್ಟಿಯಿಂದ ಆ ಹೆಸರು ಹೊಡೆದು ಹಾಕಬೇಡಿ.