ಕಿಲ್ಲಾ ಕೋರ್ಟಿನಲ್ಲಿ ಮೊದಲ ಇಂಟರ್ನ್‌ಶಿಪ್: ಜಾಮೀನಿನ ಕಡತ ನೋಡುವ ಕ್ರಮ

ಮುಂಬಯಿಯಲ್ಲಿ ಲಾ ಓದುವ ಕನ್ನಡದ ಮಕ್ಕಳಲ್ಲಿ ಹೆಚ್ಚಿನವರು ಮೊದಲ ಇಂಟರ್ನ್‌ಶಿಪ್‌ಗೆ ದೊಡ್ಡ ಫರ್ಮುಗಳನ್ನೇ ಹುಡುಕುತ್ತಾರೆ. ನಮ್ಮ ಸಲಹೆ ಬೇರೆ. ಮೊದಲ ನಾಲ್ಕು ವಾರವನ್ನು ಕ್ರಿಮಿನಲ್ ವಕೀಲರೊಬ್ಬರ ಬಳಿ, ಅದರಲ್ಲೂ ರಿಮಾಂಡ್ (ಬಂಧಿತನನ್ನು ಕಸ್ಟಡಿಗೆ ಒಪ್ಪಿಸುವ ಕೋರ್ಟಿನ ಆದೇಶ) ಮತ್ತು ಜಾಮೀನಿನ ಕೆಲಸ ಇರುವಲ್ಲಿ ಕಳೆಯಿರಿ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯನ್ನು ತರಗತಿಯಲ್ಲಿ ಗೋಪಾಲನ್ (1950), ಮನೇಕಾ ಗಾಂಧಿ (1978), ಪುಟ್ಟಸ್ವಾಮಿ (2017) ಎಂದು ತೀರ್ಪಿನಿಂದ ತೀರ್ಪಿಗೆ ಓದಿರುತ್ತೀರಿ. ರಿಮಾಂಡ್ ಕೋರ್ಟಿನಲ್ಲಿ ಅದೇ ಸ್ವಾತಂತ್ರ್ಯ ಒಂದು ಗಂಟೆ, ಒಂದು ತಾರೀಖು, ಒಂದು ಸಹಿ, ಒಂದು ಭಾಷೆಯಾಗಿ ಎದುರಿಗೆ ಬರುತ್ತದೆ. ಇವನ್ನು ಸರಿಯಾಗಿ ನೋಡಿ ಬರೆದುಕೊಂಡು ಸೀನಿಯರ್ ಕೈಗೆ ಹೊತ್ತಿಗೆ ಸರಿಯಾಗಿ ಕೊಡುವುದು ಇಂಟರ್ನ್ ಮಾಡಬಹುದಾದ ಅತ್ಯಂತ ಬೆಲೆಯುಳ್ಳ ಕೆಲಸ.

ಸೇರುವ ಮುನ್ನ

ಬಾರ್ ಕೌನ್ಸಿಲ್‌ನ 2008ರ ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರಿಗೆ ಒಟ್ಟು 12 ವಾರ, ಐದು ವರ್ಷದವರಿಗೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ವಿಚಾರಣಾ ಮತ್ತು ಮೇಲ್ಮನವಿ ನ್ಯಾಯಾಲಯಗಳ ವಕೀಲರ ಬಳಿ ಒಮ್ಮೆಯಾದರೂ ಇರಲೇಬೇಕು. ಕಾಲೇಜಿನ ಪತ್ರವನ್ನು ಮೊದಲೇ ಪಡೆದುಕೊಳ್ಳಿ, ಕೊನೆಯ ದಿನ ಪ್ರಮಾಣಪತ್ರ ಕೇಳಲು ಮರೆಯಬೇಡಿ. ಬಿಳಿ ಶರ್ಟು, ಕಪ್ಪು ಕೋಟು, ಕಪ್ಪು ಟೈ ಸಾಕು. ಬ್ಯಾಂಡ್ ಮತ್ತು ಗೌನ್ ವಕೀಲರದ್ದು, ನೀವು ಹಾಕಬಾರದು.

ಎಸ್‌ಪ್ಲನೇಡ್ ಮ್ಯಾಜಿಸ್ಟ್ರೇಟ್ ಕೋರ್ಟನ್ನು ಎಲ್ಲರೂ ಕಿಲ್ಲಾ ಕೋರ್ಟ್ ಎಂದೇ ಕರೆಯುತ್ತಾರೆ. ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಸೆಷನ್ಸ್ ಕೋರ್ಟು ಮತ್ತು ಹೈಕೋರ್ಟು ಓವಲ್ ಮೈದಾನದ ಕಡೆ, ಅವೂ ನಡಿಗೆಯ ದೂರದಲ್ಲೇ ಇವೆ. ಡೊಂಬಿವಿಲಿ, ಕಲ್ಯಾಣದಿಂದ ಬರುವವರು ಲೋಕಲ್ ತಡವಾಗುವುದನ್ನೂ ಲೆಕ್ಕ ಹಿಡಿದು ಹತ್ತು ಗಂಟೆಗೆ ಕೋರ್ಟಿನಲ್ಲಿರುವಂತೆ ಹೊರಡಿ. ಕಲಾಪ ಶುರುವಾಗುವ ಮುಂಚೆ ಬೋರ್ಡ್, ಅಂದರೆ ಆ ದಿನದ ಕೇಸುಗಳ ಪಟ್ಟಿ, ನೋಡಿ ನಿಮ್ಮ ಕೇಸಿನ ಸರದಿ ಬರೆದುಕೊಳ್ಳಬೇಕು. ಚೀಲದಲ್ಲಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬೇರ್ ಆ್ಯಕ್ಟ್, ಅಂದರೆ ಕಾಯ್ದೆಯ ಮೂಲಪಾಠ, ಅದಕ್ಕೂ ಮುಂಚಿನ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಾದ ಸಿಆರ್‌ಪಿಸಿಯ ಸೆಕ್ಷನ್‌ಗಳ ಹೋಲಿಕೆ ಪಟ್ಟಿ, ಒಂದು ಡೈರಿ, ಟ್ಯಾಗು, ಝೆರಾಕ್ಸಿಗೆ ಚಿಲ್ಲರೆ ಇರಲಿ. ಹೋಲಿಕೆ ಪಟ್ಟಿ ಬೇಕೇ ಬೇಕು, ಏಕೆಂದರೆ ತೀರ್ಪುಗಳಲ್ಲಿ ಇನ್ನೂ 437, 439 ಎಂದೇ ಇರುತ್ತದೆ. 2024ರ ಜುಲೈ 1ರಿಂದ ಅವು ಬಿಎನ್‌ಎಸ್‌ಎಸ್‌ನ 480 ಮತ್ತು 483 ಆಗಿವೆ, ನಿರೀಕ್ಷಣಾ ಜಾಮೀನಿನ 438 ಈಗ 482. ಅಪರಾಧ ನಡೆದದ್ದು ಆ ದಿನಕ್ಕಿಂತ ಮುಂಚೆಯಾದರೆ ಕಲಂಗಳು ಹಳೆಯ ದಂಡ ಸಂಹಿತೆಯಾದ ಐಪಿಸಿಯವು, ನಂತರವಾದರೆ ಹೊಸ ಬಿಎನ್‌ಎಸ್‌ನವು (ಭಾರತೀಯ ನ್ಯಾಯ ಸಂಹಿತೆ). ಹೊಸಬರ ಕರಡಿನಲ್ಲಿ ಇವೆರಡೂ ಬೆರೆತುಹೋಗುವುದು ಬಹಳ ಸಾಮಾನ್ಯ.

ರಿಮಾಂಡಿನ ದಿನ

ಎಫ್‌ಐಆರ್, ಬಂಧನ ಪತ್ರ, ರಿಮಾಂಡ್ ಅರ್ಜಿ ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಮುಂಬಯಿಯಲ್ಲಿ ಎಫ್‌ಐಆರ್ ಸಂಖ್ಯೆಗೆ ಸಿ.ಆರ್. ನಂಬರ್ ಎನ್ನುತ್ತಾರೆ. ಮೂರರಲ್ಲೂ ಆ ನಂಬರ್, ಹೆಸರು, ಕಲಂಗಳು ಒಂದೇ ಇವೆಯೇ ನೋಡಿ. ಪೊಲೀಸ್ ಕಾಗದ ಮರಾಠಿಯಲ್ಲಿರುತ್ತದೆ. ಅಟಕ್ ಎಂದರೆ ಬಂಧನ, ತಪಾಸ್ ಎಂದರೆ ತನಿಖೆ, ಜಬಾಬ್ ಎಂದರೆ ಹೇಳಿಕೆ. ಕೈಬರಹ ಅರ್ಥವಾಗದಿದ್ದರೆ ಊಹಿಸಬೇಡಿ, ಕೋರ್ಟಿನ ಗುಮಾಸ್ತರನ್ನು ಕೇಳಿ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬಂಧನದ ಸಮಯ. ಸಂವಿಧಾನದ 22ನೇ ವಿಧಿ ಮತ್ತು ಬಿಎನ್‌ಎಸ್‌ಎಸ್ 58ರ ಪ್ರಕಾರ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಒಂದು ಉದಾಹರಣೆ ಇಟ್ಟುಕೊಳ್ಳಿ. ಹೋಟೆಲಿನ ಸಪ್ಲೈಯರ್ ಹುಡುಗನನ್ನು ಸೋಮವಾರ ಬೆಳಿಗ್ಗೆ 11ಕ್ಕೆ ಕರೆದುಕೊಂಡು ಹೋದರು ಎಂದು ಮಾಲೀಕರು ಹೇಳುತ್ತಾರೆ. ಬಂಧನ ಪತ್ರದಲ್ಲಿ ಅದೇ ದಿನ ರಾತ್ರಿ 8.10 ಎಂದಿದೆ. ಕೋರ್ಟಿಗೆ ತಂದದ್ದು ಮಂಗಳವಾರ ಮಧ್ಯಾಹ್ನ 3ಕ್ಕೆ. ಪತ್ರದ ಲೆಕ್ಕದಲ್ಲಿ 19 ಗಂಟೆಯೂ ತುಂಬಿಲ್ಲ, ಮಾಲೀಕರ ಲೆಕ್ಕದಲ್ಲಿ 28 ಗಂಟೆ. ಬರಿಯ ಮಾತಿನ ಮೇಲೆ ಇದು ನಿಲ್ಲುವುದಿಲ್ಲ, ಆಧಾರ ಬೇಕು. ಗಲ್ಲಾದ ಮೇಲಿನ ಸಿಸಿಟಿವಿ, ಹುಡುಗನ ಫೋನಿನ ಕೊನೆಯ ಕರೆ, ಯಾರಾದರೂ ಕಳಿಸಿದ ವಾಟ್ಸಾಪ್ ಸಂದೇಶದ ಸಮಯ, ಇವೆಲ್ಲ ಆಧಾರವೇ. ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಆದ್ದರಿಂದ ಅದನ್ನು ಉಳಿಸಿಡಲು ಮಾಲೀಕರಿಗೆ ಆ ದಿನವೇ ಹೇಳುವಂತೆ ಸೀನಿಯರ್‌ಗೆ ನೆನಪಿಸಿ.

ಮನೆಯವರನ್ನು ಕೇಳುವಾಗ ಉತ್ತರವನ್ನು ನೀವೇ ಬಾಯಿಗೆ ತುರುಕಬೇಡಿ. "ಅಮ್ಮಾ, ಬೆಳಿಗ್ಗೆ ಹನ್ನೊಂದಕ್ಕೆ ಅಲ್ವಾ ಕರಕೊಂಡು ಹೋದದ್ದು?" ಎಂದು ಕೇಳಿದರೆ ಹೌದು ಎಂದುಬಿಡುತ್ತಾರೆ. "ಪೊಲೀಸರು ಬಂದಾಗ ನೀವು ಏನು ಮಾಡ್ತಾ ಇದ್ರಿ? ಆಮೇಲೆ ಯಾರಿಗೆ ಫೋನ್ ಮಾಡಿದ್ರಿ?" ಎಂದು ಕೇಳಿ, ಫೋನ್ ತೆಗೆದು ಆ ಕರೆಯ ಸಮಯ ನೋಡಿ.

ಎರಡನೆಯದು ಬಂಧನದ ಕಾರಣ. ಬಿಎನ್‌ಎಸ್‌ಎಸ್ 47 ಕಾರಣ ತಿಳಿಸಲು ಹೇಳುತ್ತದೆ, 48 ಸಂಬಂಧಿಕರಿಗೋ ಸ್ನೇಹಿತರಿಗೋ ತಿಳಿಸಲು. ಮುಂಬಯಿಯದೇ ಪ್ರಕರಣವಾದ ಮಿಹಿರ್ ರಾಜೇಶ್ ಶಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 2025ರ ನವೆಂಬರ್‌ನಲ್ಲಿ ಇದನ್ನು ಇನ್ನಷ್ಟು ಬಿಗಿ ಮಾಡಿತು. ಯಾವ ಅಪರಾಧವೇ ಆಗಲಿ, ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು. ತಕ್ಷಣ ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮುಂಚೆ ಬರಹದಲ್ಲಿ ಕೊಡಬೇಕು. ಈ ತತ್ವಕ್ಕೆ ಹಳೆಯ ಬೇರೂ ಇದೆ: ಹರಿಕಿಶನ್ ಪ್ರಕರಣದಲ್ಲಿ (1962) ಇಂಗ್ಲಿಷ್ ಬಾರದವನಿಗೆ ಇಂಗ್ಲಿಷಿನಲ್ಲಿ ಮುಂಜಾಗ್ರತಾ ಬಂಧನದ ಕಾರಣ ಕೊಟ್ಟದ್ದು ಸಲ್ಲದು ಎಂದು ಸಂವಿಧಾನ ಪೀಠವೇ ಹೇಳಿತ್ತು.

ಕನ್ನಡ ಬಲ್ಲ ಇಂಟರ್ನ್‌ನ ಬೆಲೆ ತಿಳಿಯುವುದು ಇಲ್ಲಿಯೇ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಕುಂದಾಪುರದ ಕಡೆಯಿಂದ ಹೋಟೆಲಿಗೆ ಬಂದ ಹುಡುಗರು ಮರಾಠಿ ಮಾತನಾಡಿದರೂ ಓದಲು ಬಾರದವರಿರುತ್ತಾರೆ. ಕೊನೆಯಲ್ಲಿ "ವಾಚೂನ್ ಸಮಜಲೆ" (ಓದಿ ತಿಳಿದುಕೊಂಡೆ) ಎಂಬ ಸಾಲಿನ ಕೆಳಗೆ ಕನ್ನಡ ಅಕ್ಷರದ ಸಹಿ ಕಂಡರೆ ಅದನ್ನು ಗುರುತು ಮಾಡಿಕೊಳ್ಳಿ. ಸಹಿ ಇದೆ ಎಂದ ಮಾತ್ರಕ್ಕೆ ಅರ್ಥವಾಗಿದೆ ಎಂದಲ್ಲ. ಆದರೆ ಆತ ಮುಂಬಯಿಯಲ್ಲೇ ಮರಾಠಿ ಶಾಲೆಗೆ ಹೋದವನಾಗಿದ್ದರೆ ಈ ವಾದ ಮಂಡಿಸಬಾರದು. ಸುಳ್ಳು ತಕರಾರು ಒಂದು ಕೇಸಿನಲ್ಲಿ ಸಿಕ್ಕಿಬಿದ್ದರೆ ಮುಂದಿನ ನಿಜವಾದ ತಕರಾರನ್ನೂ ಯಾರೂ ನಂಬುವುದಿಲ್ಲ. ಕಕ್ಷಿದಾರ ಮತ್ತು ವಕೀಲರ ನಡುವೆ ದುಭಾಷಿಯಾಗಿ ಕೂತಾಗ ಅಲ್ಲಿ ಕೇಳಿದ್ದು ಗೋಪ್ಯ. ಸಾಕ್ಷ್ಯ ಕಾನೂನು ದುಭಾಷಿ, ಗುಮಾಸ್ತರನ್ನೂ ಆ ಕಟ್ಟಿಗೆ ಒಳಪಡಿಸಿದೆ. ಕಾಲೇಜಿನ ವಾಟ್ಸಾಪ್ ಗುಂಪಿಗೆ ಕಡತದ ಫೋಟೊ ಹೋಗಲೇಬಾರದು.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಇನ್ನೊಂದು ಕಾಗದ ಹುಡುಕಿ: ನೋಟಿಸ್ ಕೊಟ್ಟು ಕರೆಸುವ ಬದಲು ಬಂಧಿಸಿದ್ದೇಕೆ ಎಂಬ ಚೆಕ್‌ಲಿಸ್ಟ್. ಅರ್ನೇಶ್ ಕುಮಾರ್ ತೀರ್ಪು (2014) ಅದನ್ನು ಕಡ್ಡಾಯ ಮಾಡಿದೆ, ನೋಟಿಸ್ ಈಗ ಬಿಎನ್‌ಎಸ್‌ಎಸ್ 35(3)ರಲ್ಲಿದೆ. ಎಲ್ಲರಿಗೂ ಒಂದೇ ಅಚ್ಚಿನ ವಾಕ್ಯ ಬರೆದಿದ್ದರೆ ಅದೂ ವಾದದ ಅಂಶವೇ.

ಕಲಾಪ ಮುಗಿದ ಮೇಲೆ ಪಿಸಿಆರ್ ಆಯಿತೋ ಎಂಸಿಆರ್ ಆಯಿತೋ ಡೈರಿಯಲ್ಲಿ ಬರೆಯಿರಿ. ಮೊದಲನೆಯದು ಪೊಲೀಸ್ ಕಸ್ಟಡಿ, ಎರಡನೆಯದು ನ್ಯಾಯಾಂಗ ಕಸ್ಟಡಿ. ಮುಂದಿನ ತಾರೀಖನ್ನು ರೋಜ್‌ನಾಮಾ, ಅಂದರೆ ಕೋರ್ಟಿನ ದಿನಚರಿ ದಾಖಲೆ, ನೋಡಿ ತಾಳೆ ಹಾಕಿ, ಕಿವಿಯಲ್ಲಿ ಕೇಳಿದ್ದನ್ನು ನಂಬಬೇಡಿ.

ದಿನಗಳ ಲೆಕ್ಕ

ಬಿಎನ್‌ಎಸ್‌ಎಸ್ 187ರ ಪ್ರಕಾರ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ (ಪೊಲೀಸರ ಆರೋಪಪಟ್ಟಿ) ಬಾರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಇದೇ ಡಿಫಾಲ್ಟ್ ಬೇಲ್. ಲೆಕ್ಕ ಶುರುವಾಗುವುದು ಬಂಧನದ ದಿನದಿಂದಲ್ಲ, ಮೊದಲ ರಿಮಾಂಡ್ ಆದೇಶದ ದಿನದಿಂದ. ಆ ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂದು ಕಪಿಲ್ ವಾಧವಾನ್ ಪ್ರಕರಣದಲ್ಲಿ (2023) ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿದೆ. ಜೂನ್ 1ರಂದು ರಿಮಾಂಡ್ ಆಗಿದ್ದರೆ 60ನೇ ದಿನ ಜುಲೈ 30, ಹಕ್ಕು ಹುಟ್ಟುವುದು ಜುಲೈ 31ಕ್ಕೆ. 90ನೇ ದಿನ ಆಗಸ್ಟ್ 29, ಹಕ್ಕು 30ಕ್ಕೆ. "ಎರಡು ತಿಂಗಳು" ಎಂದು ಅಂದಾಜು ಹಿಡಿದವರು ಆಗಸ್ಟ್ 1ಕ್ಕೆ ಅರ್ಜಿ ತರುತ್ತಾರೆ, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದಿದ್ದರೆ ಹಕ್ಕು ಹೋಯಿತು. ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಒಂದೊಂದೇ ದಿನ ಎಣಿಸಿ, ಇನ್ನೊಬ್ಬರಿಂದಲೂ ಎಣಿಸಿ. ಅರ್ಜಿಯನ್ನು ಹಿಂದಿನ ದಿನವೇ ಸಿದ್ಧವಿಟ್ಟು, ಕೋರ್ಟು ತೆರೆದ ಕೂಡಲೇ ಸಲ್ಲಿಸಿ, ಸ್ವೀಕೃತಿಯ ಮೇಲೆ ಗಂಟೆಯನ್ನೂ ಬರೆಸಿಕೊಳ್ಳಿ. ಅರ್ಜಿ ಮೊದಲು ಬಿತ್ತೋ ಚಾರ್ಜ್‌ಶೀಟ್ ಮೊದಲು ಬಿತ್ತೋ ಎಂಬ ಪ್ರಶ್ನೆ ಬಂದೇ ಬರುತ್ತದೆ.

60 ಅನ್ವಯವೋ 90 ಅನ್ವಯವೋ ಎಂಬುದು ಶಿಕ್ಷೆಯ ಪ್ರಮಾಣದ ಮೇಲೆ ನಿಂತಿದೆ. ಹತ್ತು ವರ್ಷದ ಗೆರೆಯಲ್ಲಿರುವ ಕಲಂಗಳನ್ನು ನೀವೇ ತೀರ್ಮಾನಿಸದೆ ಸೀನಿಯರ್‌ಗೆ ತೋರಿಸಿ. ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ), ಮಕೋಕಾ (ಮಹಾರಾಷ್ಟ್ರದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ) ಇಂಥ ವಿಶೇಷ ಕಾಯ್ದೆಗಳಲ್ಲಿ ಅವಧಿ 180 ದಿನದವರೆಗೆ ಬೆಳೆಯಬಹುದು.

ಸಾಮಾನ್ಯ ಜಾಮೀನು ಅರ್ಜಿಯ ಕರಡಿನಲ್ಲಿ ಸಿ.ಆರ್. ನಂಬರ್, ಠಾಣೆ, ಕಲಂ, ಬಂಧನದ ದಿನ, ಕಸ್ಟಡಿಯ ಒಟ್ಟು ದಿನ, ಹಿಂದೆ ಹಾಕಿದ ಎಲ್ಲ ಜಾಮೀನು ಅರ್ಜಿಗಳು ಮತ್ತು ಅವುಗಳ ಫಲಿತಾಂಶ ಇರಲೇಬೇಕು. ಹಿಂದಿನ ಅರ್ಜಿ ಮುಚ್ಚಿಟ್ಟರೆ ಕೋರ್ಟು ಸಹಿಸುವುದಿಲ್ಲ. ಅರ್ಜಿ ಹಾಕಿದ ಮೇಲೆ ಸರ್ಕಾರಿ ವಕೀಲರ "ಸೇ"ಗೆ, ಅಂದರೆ ಅವರ ಉತ್ತರಕ್ಕೆ, ತಾರೀಖು ಬೀಳುತ್ತದೆ. ಹೈಕೋರ್ಟಿನಲ್ಲಿ ತುರ್ತಾಗಿ ಬೋರ್ಡಿಗೆ ತರಲು ಪ್ರೆಸಿಪೆ ಎಂಬ ಕೋರಿಕೆ ಪತ್ರ ಹಾಕುತ್ತಾರೆ. ತುರ್ತು ಏಕೆ ಎಂಬ ಕಾರಣ ಅದರಲ್ಲಿ ಸ್ಪಷ್ಟವಾಗಿರಬೇಕು.

ಹೈಕೋರ್ಟಿಗೆ ಹೋದ ದಿನ ಬಿಡುವಾದರೆ 46ನೇ ನಂಬರ್ ಕೋರ್ಟಿನ ಹೊರಗಿರುವ ತಿಲಕರ ಫಲಕ ಓದಿ ಬನ್ನಿ. 1897ರಲ್ಲಿ ತಿಲಕರ ಜಾಮೀನಿಗೆ ವಾದಿಸಿದ ವಕೀಲರು ದಾವರ್, ಜಾಮೀನು ಕೊಟ್ಟವರು ನ್ಯಾಯಮೂರ್ತಿ ಬದ್ರುದ್ದೀನ್ ತ್ಯಾಬ್ಜಿ. 1908ರಲ್ಲಿ ಅದೇ ದಾವರ್ ನ್ಯಾಯಮೂರ್ತಿಯಾಗಿ ಕೂತಿದ್ದರು. ಜಿನ್ನಾ ಮಂಡಿಸಿದ ಜಾಮೀನು ಅರ್ಜಿಯನ್ನು ಅವರು ತಿರಸ್ಕರಿಸಿದರು. ಜಾಮೀನು ಕೋರ್ಟಿನ ವಿವೇಚನೆಗೆ ಬಿಟ್ಟದ್ದು ಎಂದು ಪುಸ್ತಕದಲ್ಲಿ ಓದುವಾಗ ಅದರ ತೂಕ ತಿಳಿಯುವುದಿಲ್ಲ. ವಿವೇಚನೆ ಒಬ್ಬರಿಂದೊಬ್ಬರಿಗೆ, ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಬದಲಾಗುತ್ತದೆ. ಅದಕ್ಕೇ ಗಂಟೆ, ತಾರೀಖುಗಳಂಥ ಗಟ್ಟಿ ಅಂಶಗಳನ್ನು ಮೊದಲು ಹಿಡಿಯಿರಿ ಎಂದು ಒತ್ತಿ ಹೇಳುತ್ತಿದ್ದೇವೆ.

ಆದೇಶವಾದ ಮೇಲೆ

ಜಾಮೀನು ಸಿಕ್ಕಿತು ಎಂದು ಮನೆಯವರು ಸಿಹಿ ಹಂಚಿದ ಮೇಲೂ ಆರೋಪಿ ವಾರಗಟ್ಟಲೆ ಒಳಗೇ ಇರುವುದುಂಟು. ಕಾರಣ ಶೂರಿಟಿ, ಅಂದರೆ ಆರೋಪಿಯ ಪರವಾಗಿ ಹೊಣೆ ನಿಲ್ಲುವವರು. ಸ್ಥಳೀಯ ಶೂರಿಟಿಯೇ ಬೇಕು ಎಂದರೆ ಊರು ಬಿಟ್ಟು ಬಂದ ಕೂಲಿಯವನು ಎಲ್ಲಿಂದ ತರಬೇಕು? ಮೋತಿರಾಮ್ ತೀರ್ಪಿನಲ್ಲಿ (1978) ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನೇ ಕೇಳಿದರು. ಗಾರೆ ಕೆಲಸದವನೊಬ್ಬನಿಗೆ 10,000 ರೂಪಾಯಿಯ ಶೂರಿಟಿ ಕೇಳಿ, ಬೇರೆ ಜಿಲ್ಲೆಯ ಅಣ್ಣತಮ್ಮನ ಶೂರಿಟಿ ಒಪ್ಪದ ಪ್ರಕರಣವದು. ದೂರದ ಊರಿನಲ್ಲಿ ಸಿಕ್ಕಿಬಿದ್ದ ಮಲಯಾಳಿ, ಕನ್ನಡಿಗ, ತಮಿಳ, ತೆಲುಗರು ಏನು ಮಾಡಬೇಕು ಎಂದು ಅವರು ಕನ್ನಡಿಗರ ಹೆಸರು ಹಿಡಿದೇ ಕೇಳಿದ್ದಾರೆ. ಈ ತೀರ್ಪಿನ ಪ್ರತಿ ನಿಮ್ಮ ಚೀಲದಲ್ಲಿರಲಿ. ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟಿನ 2023ರ ಜನವರಿಯ ನಿರ್ದೇಶನವಿದೆ.

ಮುಂಬಯಿಯಲ್ಲಿ ಬಳಕೆಯಲ್ಲಿರುವ ದಾರಿ ತಾತ್ಕಾಲಿಕ ನಗದು ಜಾಮೀನು. ಅಷ್ಟೇ ಮೊತ್ತ ಕಟ್ಟಿ ಹೊರಬಂದು, ಕೋರ್ಟು ಕೊಟ್ಟ ಕೆಲವು ವಾರಗಳಲ್ಲಿ ಶೂರಿಟಿ ಹೊಂದಿಸುವುದು. ಇದನ್ನು ಅರ್ಜಿಯಲ್ಲೇ ಕೇಳಿಡಿ, ಆಮೇಲೆ ಬೇರೆ ಅರ್ಜಿ ಹಾಕುವ ದಿನಗಳು ಉಳಿಯುತ್ತವೆ. ಕೋರ್ಟಿನ ಸುತ್ತ ದುಡ್ಡಿಗೆ ಶೂರಿಟಿ ನಿಲ್ಲುತ್ತೇವೆ ಎನ್ನುವವರ ಹತ್ತಿರವೂ ಹೋಗಬೇಡಿ. ಅವರ ರೇಷನ್ ಕಾರ್ಡು, ಸಂಬಳದ ಚೀಟಿ ಖೋಟಾ ಎಂದು ಗೊತ್ತಾದರೆ ಜಾಮೀನು ರದ್ದಾಗುವುದಲ್ಲದೆ ಹೊಸ ಕೇಸೇ ಬೀಳುತ್ತದೆ. ದುಡ್ಡಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರವಿದೆ. ಕಸ್ಟಡಿಯಲ್ಲಿರುವವರು ಆದಾಯ ಎಷ್ಟಿದ್ದರೂ 1987ರ ಕಾಯ್ದೆಯಡಿ ಉಚಿತ ವಕೀಲರಿಗೆ ಅರ್ಹರು, ಸಹಾಯವಾಣಿ 15100.

ಬಿಡುಗಡೆಯ ಆದೇಶ ಸಿದ್ಧವಾದಾಗ ಹೆಸರನ್ನು ಅಕ್ಷರ ಅಕ್ಷರವಾಗಿ ನೋಡಿ. ನಮ್ಮವರ ಹೆಸರಿನ ಮುಂದೆ ಊರಿನದೋ ತಂದೆಯದೋ ಇನಿಷಿಯಲ್ ಇರುತ್ತದೆ, ಇಲ್ಲಿನ ಪೊಲೀಸರು ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆಯುತ್ತಾರೆ. ಆಧಾರ್‌ನಲ್ಲಿ ಒಂದು, ಎಫ್‌ಐಆರ್‌ನಲ್ಲಿ ಒಂದು, ಆದೇಶದಲ್ಲಿ ಇನ್ನೊಂದು ಇದ್ದರೆ ಜೈಲಿನವರು ಬಿಡುವುದಿಲ್ಲ. ಒಂದೇ ಬ್ಯಾರಕಿನಲ್ಲಿ ಒಂದೇ ಹೆಸರಿನ ಇಬ್ಬರು ಶೆಟ್ಟಿಯೋ ಪೂಜಾರಿಯೋ ಇದ್ದರೆ ಅವರು ಹೀಗೆ ಜಾಗ್ರತೆ ವಹಿಸುವುದೂ ಸರಿಯೇ. ಸರಳ ಪರಿಹಾರವೆಂದರೆ ಎಫ್‌ಐಆರ್‌ನಲ್ಲಿ ಇರುವಂತೆಯೇ ಹೆಸರು ಬರೆದು, "ಉರ್ಫ್" ಹಾಕಿ ಆಧಾರ್‌ನ ಹೆಸರನ್ನೂ ಅರ್ಜಿಯ ಮೊದಲ ಪುಟದಲ್ಲೇ ಸೇರಿಸುವುದು. ಬೇರೆ ಕೇಸಿನಲ್ಲಿ ಆತ ಬೇಕಾಗಿದ್ದಾನೆಯೇ ಎಂಬುದನ್ನೂ ಮೊದಲೇ ವಿಚಾರಿಸಿಡಿ.

ಆರ್ಥರ್ ರೋಡ್ ಜೈಲಿನ ಹೊರಗಿನ ಜಾಮೀನು ಪೆಟ್ಟಿಗೆಗೆ ಕಾಗದ ಬೀಳಲು ವೇಳೆಯ ಮಿತಿಯಿದೆ, ಮೀರಿದರೆ ಬಿಡುಗಡೆ ಮರುದಿನಕ್ಕೆ. ಆದೇಶ ಮಧ್ಯಾಹ್ನವೇ ಆಗಿದ್ದರೂ ಶಿರಸ್ತೇದಾರರ (ಕೋರ್ಟಿನ ಕಚೇರಿ ಅಧಿಕಾರಿ) ಪರಿಶೀಲನೆ, ನಗದು ಕಟ್ಟುವ ಸಾಲು, ಸಹಿ, ಮೊಹರು ಎಂದು ಸಂಜೆಯಾಗುತ್ತದೆ. ಆದ್ದರಿಂದ ನಗದು ಕಟ್ಟುವವರು ಒಬ್ಬರು, ಶಿರಸ್ತೇದಾರರ ಮೇಜಿನ ಬಳಿ ನಿಲ್ಲುವವರು ಒಬ್ಬರು, ಕಾಗದ ಹಿಡಿದು ಜೈಲಿಗೆ ಹೊರಡುವವರು ಒಬ್ಬರು ಎಂದು ಬೆಳಿಗ್ಗೆಯೇ ಹಂಚಿಕೊಳ್ಳಿ. ಆ ದಿನದ ಮಿತಿ ಎಷ್ಟು ಗಂಟೆಗೆ ಎಂದು ಜೈಲಿನಲ್ಲಿ ಕೇಳಿಕೊಂಡು, ಡೈರಿಯಲ್ಲಿ ತಾರೀಖಿನ ಪಕ್ಕದಲ್ಲೇ ಬರೆದಿಡಿ.